ಮಂಜಿನಲ್ಲಿ ಹಳ್ಳಿ ಚರ್ಚ್, ಕೈಯಲ್ಲಿ ಕ್ಯಾನನ್ 10-18: ದೀರ್ಘ ಬಳಕೆಯ ವಿಮರ್ಶೆ

ಕ್ಯಾನನ್ ಇಎಫ್-ಎಸ್ 10-18 ಮಿ.ಮೀ. ಎಫ್/4.5-5.6 ಐಎಸ್ ಎಸ್‌ಟಿಎಂ ಲೆನ್ಸ್ ಬಂದದ್ದು 2014ರಲ್ಲಿ. ಚಿಕ್ಕ ಸೆನ್ಸರಿನ (ಎಪಿಎಸ್-ಸಿ) ಕ್ಯಾನನ್ ಕ್ಯಾಮೆರಾಗಳಿಗೆ ಮಾಡಿದ ವೈಡ್ ಲೆನ್ಸ್ ಇದು, ಅಂದರೆ ತುಂಬ ಅಗಲದ ನೋಟ ಹಿಡಿಯುವಂಥದ್ದು. ತೂಕ 240 ಗ್ರಾಂ, ಫಿಲ್ಟರ್ ಅಳತೆ 67 ಮಿ.ಮೀ. ಕ್ಯಾಮೆರಾಕ್ಕೆ ಕೂರುವ ಮೌಂಟ್ ಪ್ಲಾಸ್ಟಿಕ್‌ನದು, ನೀರು-ದೂಳು ಒಳಗೆ ಹೋಗದಂತೆ ರಬ್ಬರ್ ಸೀಲ್ ಇಲ್ಲ. ಈ ಕೊನೆಯ ಎರಡು ಸಂಗತಿ ಕೇಳಿದ ಕೂಡಲೇ ಮಂಜಿನ ಕೆಲಸಕ್ಕೆ ಇದು ಒಗ್ಗದು ಎನ್ನುವವರೇ ಹೆಚ್ಚು. ಒಗ್ಗುತ್ತದೆ. ಟ್ರೈಪಾಡ್ ಮೇಲೆ ಅಪರ್ಚರನ್ನು (ಬೆಳಕಿನ ಕಿಂಡಿಯನ್ನು) ಎಫ್/8ಕ್ಕೆ ಕಿರಿದು ಮಾಡಿ ತೆಗೆಯುವ ಚಿತ್ರಕ್ಕೆ ಎಫ್/2.8ರಷ್ಟು ದೊಡ್ಡ ಕಿಂಡಿಯ ಲೆನ್ಸಿನ ದುಡ್ಡು ಸುರಿಯಬೇಕಿಲ್ಲ. ಪೂರ್ತಿ ತೆರೆದ ಅಪರ್ಚರಿನಲ್ಲಿ ಇದರ ಮೂಲೆಗಳು ಮೆತ್ತಗಾಗುವುದು ನಿಜ. ಆದರೆ ಮಂಜಿನ ಚಿತ್ರದ ಮೂಲೆಗಳಲ್ಲಿ ಬರೀ ಬಿಳುಪು ಇರುತ್ತದೆ, ಅಲ್ಲಿ ಚೂಪಾಗಬೇಕಾದದ್ದಾದರೂ ಏನು?

ಮಂಜಿನಲ್ಲಿ ವೈಡ್ ಲೆನ್ಸ್ ಬೇಕಾಗುವುದು ಅಗಲವಾಗಿ ತೋರಿಸಲಿಕ್ಕಲ್ಲ, ಹತ್ತಿರ ಹೋಗಲಿಕ್ಕೆ. ಲೆಕ್ಕ ಹೀಗಿದೆ. ಚರ್ಚಿನ ಗೋಪುರ 50 ಅಡಿ ಇದೆ, ಕ್ಯಾಮೆರಾ ನೆಲದಿಂದ 5 ಅಡಿ ಎತ್ತರದಲ್ಲಿ ಮಟ್ಟಸವಾಗಿ ನಿಂತಿದೆ ಎನ್ನಿ. 10 ಮಿ.ಮೀ.ಯಲ್ಲಿ ಅಡ್ಡ ಚೌಕಟ್ಟಿಗೆ ಶಿಲುಬೆಯ ತುದಿ ಸಿಗಬೇಕಾದರೆ 60 ಅಡಿ ದೂರ ಸಾಕು, ಉದ್ದ ಚೌಕಟ್ಟಿಗೆ 40 ಅಡಿ. ಅದೇ ಗೋಪುರವನ್ನು 50 ಮಿ.ಮೀ. ಲೆನ್ಸಿನಲ್ಲಿ ಹೀಗೇ ಉದ್ದಕ್ಕೆ ಹಿಡಿಯಲು 200 ಅಡಿ ಹಿಂದೆ ಸರಿಯಬೇಕು. ಅಷ್ಟೂ ಅಡಿ ಮಂಜು ನಿಮಗೂ ಗೋಡೆಗೂ ನಡುವೆ ಬಂದು ನಿಲ್ಲುತ್ತದೆ. ಕಣ್ಣಿಗೆ 200 ಮೀಟರ್‌ವರೆಗೆ ಕಾಣುವ ಮಂಜಿನಲ್ಲಿ 200 ಅಡಿ ದಾಟುವಷ್ಟರಲ್ಲಿ ಕಟ್ಟಡದ ಕಪ್ಪು-ಬಿಳುಪಿನ ವ್ಯತ್ಯಾಸ ಮೂರನೇ ಒಂದು ಪಾಲಿಗೆ ಇಳಿದಿರುತ್ತದೆ. 40 ಅಡಿಯಲ್ಲಿ ಮುಕ್ಕಾಲಿಗೂ ಹೆಚ್ಚು ಉಳಿದಿರುತ್ತದೆ. ಮಂಜು ಇನ್ನೂ ದಟ್ಟವಾಗಿ, 50 ಮೀಟರ್ ಆಚೆ ಏನೂ ಕಾಣದು ಎಂಬಂತಿದ್ದರೆ 50 ಮಿ.ಮೀ. ಲೆನ್ಸಿಗೆ ಗೋಪುರವೇ ಸಿಗುವುದಿಲ್ಲ. 10 ಮಿ.ಮೀ.ಗೆ ಆಗಲೂ ಸಿಗುತ್ತದೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಮಂಜು ತೆಳುವಾಗಿ, 700-800 ಮೀಟರ್ ಕಾಣುವ ಹಾಗಿದ್ದರೆ ಈ ಲೆನ್ಸ್ ದಂಡ. 40 ಅಡಿಯಲ್ಲಿ ಅಂಥ ಮಂಜು ಚಿತ್ರದಲ್ಲಿ ಮೂಡುವುದೇ ಇಲ್ಲ, ಮೋಡದ ದಿನದ ಸಪ್ಪೆ ಫೋಟೊ ಬರುತ್ತದೆ. ಆಗ ಇದನ್ನು ಚೀಲಕ್ಕೆ ಹಾಕಿ ದೂರದ್ದನ್ನು ಹತ್ತಿರ ತೋರಿಸುವ 55-250 ಲೆನ್ಸ್ ಏರಿಸಿಕೊಂಡು ದೂರ ಹೋಗಿ. ದಟ್ಟಣೆ ಅಳೆಯಲು ಯಾವ ಸಲಕರಣೆಯೂ ಬೇಡ. ಹಳ್ಳಿ ದಾರಿಯ ಕರೆಂಟ್ ಕಂಬಗಳ ನಡುವೆ ಸಾಮಾನ್ಯವಾಗಿ 50 ಮೀಟರ್ ಆಸುಪಾಸು ಇರುತ್ತದೆ. ನಾಲ್ಕಕ್ಕಿಂತ ಕಡಿಮೆ ಕಂಬ ಕಂಡರೆ 10-18ರ ಕಾಲ, ಹತ್ತು ಕಂಬ ಕಂಡರೆ ಅಲ್ಲ.

ಬೆಂಗಳೂರಿನವರು ಈ ಕೆಲಸಕ್ಕೆ ಹೆಚ್ಚಾಗಿ ಹೋಗುವುದು ಹಾಸನದ ಬಳಿಯ ಶೆಟ್ಟಿಹಳ್ಳಿಗೆ. ಫ್ರೆಂಚ್ ಮಿಷನರಿಗಳು 1860ರ ಸುಮಾರಿಗೆ ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದ ಚರ್ಚ್ ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಹಿನ್ನೀರಿಗೆ ಸಿಕ್ಕಿತು. ಚಾವಣಿ ಹೋಗಿದೆ, ಕಮಾನುಗಳು ನಿಂತಿವೆ. ಮಳೆಗಾಲದಲ್ಲಿ ಜಲಾಶಯ ತುಂಬಿದರೆ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಬುಡದವರೆಗೆ ನಡೆದು ಹೋಗಬಹುದು. ಮಂಜಿನ ತಿಂಗಳುಗಳಾದ ಡಿಸೆಂಬರ್-ಜನವರಿಯಲ್ಲಿ ನೀರು ಎಲ್ಲಿರುತ್ತದೆ ಎಂಬುದು ಆ ವರ್ಷದ ಮಳೆಗೆ ಬಿಟ್ಟದ್ದು. ಹೊರಡುವ ಮೊದಲು ಜಲಾಶಯದ ಮಟ್ಟ ನೋಡಿಕೊಳ್ಳಿ. ನೀರು ಅಡ್ಡ ಬಂದು 40 ಅಡಿಗೆ ಹೋಗಲಾಗದಿದ್ದರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗು. ನಗರದಿಂದ ಹಾಸನಕ್ಕೆ ನೆಲಮಂಗಲ, ಕುಣಿಗಲ್ ಮೇಲೆ ಸುಮಾರು 185 ಕಿ.ಮೀ., ಅಲ್ಲಿಂದ ಚರ್ಚಿಗೆ ಇನ್ನೊಂದು 20. ಜನವರಿಯಲ್ಲಿ ಸೂರ್ಯ ಹುಟ್ಟುವುದು 6.45ರ ಹೊತ್ತಿಗೆ. ಹಿಂದಿನ ರಾತ್ರಿಯೇ ಹಾಸನ ಸೇರಿಕೊಳ್ಳುವುದು ಲೇಸು. ಗೋಡೆಗಳು ಇಟ್ಟಿಗೆ-ಗಾರೆಯವು, ವರ್ಷ ವರ್ಷ ನೀರು ಕುಡಿದು ಸಡಿಲಗೊಂಡಿವೆ. ಕಮಾನಿನ ಕೆಳಗೆ ಟ್ರೈಪಾಡ್ ಹೂಡುವ ಆಸೆ ಬೇಡ.

ಹಿನ್ನೀರಿನ ಅಂಚಿನ ಮಣ್ಣು ಮೇಲೆ ಒಣಗಿದಂತೆ ಕಂಡರೂ ಒಳಗೆ ಕೆಸರು. ಎರಡು ಸೆಕೆಂಡ್ ಎಕ್ಸ್‌ಪೋಷರ್ ನಡುವೆ ಟ್ರೈಪಾಡಿನ ಒಂದು ಕಾಲು ಕೂದಲೆಳೆಯಷ್ಟು ಕುಸಿದರೂ ಇಟ್ಟಿಗೆ ಸಾಲುಗಳು ಎರಡೆರಡಾಗಿ ಬರುತ್ತವೆ. ಮೂರು ತೆಂಗಿನ ಚಿಪ್ಪು ಕೊಂಡೊಯ್ದು ಬೋರಲು ಹಾಕಿ, ಅದರ ಮೇಲೆ ಕಾಲು ಇಟ್ಟು ಒಮ್ಮೆ ಅದುಮಿ. ಟ್ರೈಪಾಡ್ ಮೇಲಿದ್ದಾಗ ಲೆನ್ಸಿನ ಪಕ್ಕದ ಸ್ಟೆಬಿಲೈಸರ್ ಸ್ವಿಚ್ ಆಫ್ ಇರಲಿ.

ಕ್ಯಾಮೆರಾ ಮಟ್ಟಸವಾಗಿರಬೇಕು ಎಂದದ್ದು ಸುಮ್ಮನೆ ಅಲ್ಲ. 10 ಮಿ.ಮೀ.ಯಲ್ಲಿ ಮೂತಿ ಸ್ವಲ್ಪ ಮೇಲೆತ್ತಿದರೂ ಗೋಪುರ ಹಿಂದಕ್ಕೆ ವಾಲಿದಂತೆ ಬರುತ್ತದೆ. ಮಟ್ಟಸ ಇಟ್ಟರೆ ಚೌಕಟ್ಟಿನ ಕೆಳಗಿನ ಅರ್ಧ ನೆಲಕ್ಕೆ ಹೋಗುತ್ತದೆ. ಅಲ್ಲಿ ಇಬ್ಬನಿ ಹಿಡಿದ ಹುಲ್ಲೋ ನೀರಿನ ಮಡುವೋ ಸಿಕ್ಕುವ ಹಾಗೆ ನಿಲ್ಲುವುದು ನಿಮ್ಮ ಕೆಲಸ, ಇಲ್ಲವಾದರೆ ಕೆಳಭಾಗ ಕತ್ತರಿಸಿ. ಸಾಫ್ಟ್‌ವೇರಿನಲ್ಲಿ ನೆಟ್ಟಗೆ ಮಾಡಿಕೊಳ್ಳುತ್ತೇನೆ ಎಂದರೆ ಅಂಚು ಹೋಗುತ್ತದೆ, ಶಿಲುಬೆಯ ಸುತ್ತಲಿನ ಪಿಕ್ಸೆಲ್‌ಗಳು ಹಿಗ್ಗುತ್ತವೆ. ಗೋಪುರವನ್ನು ಚೌಕಟ್ಟಿನ ತೀರಾ ಬದಿಗೆ ದೂಡಲೂಬಾರದು, ಅಗಲಕ್ಕೆ ಎಳೆದಂತಾಗುತ್ತದೆ.

ಫೋಕಸ್ ವಿಷಯದಲ್ಲಿ ಸ್ವಲ್ಪ ಸಹನೆ ಬೇಕು. ಎಸ್‌ಟಿಎಂ ಮೋಟಾರ್ ನಿಶ್ಶಬ್ದ, ಆದರೆ ಬರೀ ಮಂಜಿನತ್ತ ತಿರುಗಿಸಿದರೆ ಹಿಡಿತ ಸಿಗದೆ ಹಿಂದೆ ಮುಂದೆ ತಡಕಾಡುತ್ತದೆ. ಲೆನ್ಸ್ ಮೇಲೆ ದೂರದ ಗುರುತುಗಳಿಲ್ಲ. ಫೋಕಸ್ ರಿಂಗ್ ಕೂಡ ವಿದ್ಯುತ್ ಮೂಲಕವೇ ಕೆಲಸ ಮಾಡುವುದರಿಂದ ಕ್ಯಾಮೆರಾ ನಿದ್ದೆ ಹೋಗಿದ್ದರೆ ಎಷ್ಟು ತಿರುಗಿಸಿದರೂ ಏನೂ ಆಗದು. ಲೈವ್ ವ್ಯೂನಲ್ಲಿ (ಹಿಂದಿನ ಪರದೆಯ ನೇರ ನೋಟದಲ್ಲಿ) 10 ಪಟ್ಟು ಹಿಗ್ಗಿಸಿ ಕಮಾನಿನ ಅಂಚಿಗೆ, ಗಾರೆ ಉದುರಿ ಇಟ್ಟಿಗೆ ಕಾಣುವ ಕಡೆ, ಫೋಕಸ್ ಹಿಡಿಸಿ, ಆಮೇಲೆ ಫೋಕಸ್ ಸ್ವಿಚ್ ಮ್ಯಾನುಯಲ್, ಅಂದರೆ ಎಂಎಫ್‌ಗೆ ತಳ್ಳಿ. 10 ಮಿ.ಮೀ., ಎಫ್/8ರಲ್ಲಿ ಹೈಪರ್‌ಫೋಕಲ್ ದೂರ (ಅಲ್ಲಿಗೆ ಫೋಕಸ್ ಇಟ್ಟರೆ ಅದರ ಅರ್ಧ ದೂರದಿಂದ ದಿಗಂತದವರೆಗೆ ಸ್ಪಷ್ಟ) ಮುಕ್ಕಾಲು ಮೀಟರಿಗೂ ಕಡಿಮೆ. ಆದ್ದರಿಂದ ಎರಡು ಮೀಟರ್ ಆಚೆ ಎಲ್ಲಿ ಹಿಡಿದರೂ ಹುಲ್ಲು, ಗೋಡೆ ಎರಡೂ ಸ್ಪಷ್ಟ. ಎಫ್/16ಕ್ಕೆ ಹೋದರೆ ಲಾಭವಿಲ್ಲ, ಕಿರುಕಿಂಡಿಯಲ್ಲಿ ಬೆಳಕು ಹರಡುವ ಡಿಫ್ರಾಕ್ಷನ್‌ನಿಂದ ಚಿತ್ರವೇ ಮೆತ್ತಗಾಗುತ್ತದೆ.

ಎಕ್ಸ್‌ಪೋಷರ್ ಮೀಟರ್ ಮಂಜಿನ ಬಿಳುಪನ್ನು ಬೂದು ಮಾಡಿಬಿಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ +2/3ರಿಂದ +1 1/3ವರೆಗೆ ಏರಿಸಿ. ಪರದೆಯ ಹಿಸ್ಟೊಗ್ರಾಮ್ (ಬೆಳಕಿನ ಹಂಚಿಕೆಯ ನಕ್ಷೆ) ಬಲಕ್ಕೆ ಸರಿದಿರಲಿ, ಬಲದ ಅಂಚಿಗೆ ಬಡಿಯದಿರಲಿ. ಫೈಲ್ ರಾ (ಸೆನ್ಸರಿನ ಕಚ್ಚಾ ರೂಪ) ಆಗಿಯೇ ಇರಬೇಕು, ಜೆಪೆಗ್‌ನಲ್ಲಿ ಕಾಂಟ್ರಾಸ್ಟ್ ಎತ್ತಿದ ಕೂಡಲೇ ಆಕಾಶದಲ್ಲಿ ಪಟ್ಟೆ ಬೀಳುತ್ತವೆ.

ಇನ್ನು ಇಬ್ಬನಿ. ಈ ಲೆನ್ಸಿನ ಹುಡ್ (ಮುಂಗಾಜಿನ ಸುತ್ತಲಿನ ಮರೆ) ಪೆಟ್ಟಿಗೆಯಲ್ಲಿ ಬರುವುದಿಲ್ಲ. ಇಡಬ್ಲ್ಯೂ-73ಸಿ ಎಂಬ ಹುಡ್ ಬೇರೆ ಕೊಳ್ಳಬೇಕು, ಮತ್ತು ಕೊಳ್ಳಲೇಬೇಕು. ಅರ್ಧ ಸಮಸ್ಯೆಗೆ ಅದೇ ಮದ್ದು. ಬೆಚ್ಚಗಿನ ಕಾರಿನಿಂದ ಚಳಿಗೆ ತಂದ ಕೂಡಲೇ ಗಾಜು ಮಸುಕಾಗುತ್ತದೆ ಎಂಬ ಮಾತು ತಿರುವುಮುರುವು. ಬೆಚ್ಚಗಿನ ಗಾಜಿನ ಮೇಲೆ ಇಬ್ಬನಿ ಕೂರುವುದಿಲ್ಲ. ಅರ್ಧ ಗಂಟೆ ಹೊರಗಿದ್ದು ಗಾಜಿನ ಕಾವು ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗುವ ಉಷ್ಣತೆಗಿಂತ) ಕೆಳಗಿಳಿದಾಗ ಕೂರುತ್ತದೆ, ಸೂರ್ಯ ಹುಟ್ಟುವ ಸರಿಯಾದ ಹೊತ್ತಿಗೆ. ಮಸುಕು ನಡುವಿನಿಂದ ಶುರುವಾಗುವುದರಿಂದ ಚಿಕ್ಕ ಪರದೆಯಲ್ಲಿ ಅದನ್ನೇ ಮಂಜು ಎಂದುಕೊಂಡು ಖುಷಿಪಡುವ ಅಪಾಯವೂ ಇದೆ. ಆಗಾಗ ಪೆನ್‌ಟಾರ್ಚ್ ಓರೆಯಾಗಿ ಹಿಡಿದು ಗಾಜನ್ನೇ ನೋಡಿ. ನಕ್ಷತ್ರ ನೋಡುವವರು ಟೆಲಿಸ್ಕೋಪಿಗೆ ಸುತ್ತುವ ಯುಎಸ್‌ಬಿ ಹೀಟರ್ ಪಟ್ಟಿ ಇದಕ್ಕೆ ಹೇಳಿ ಮಾಡಿಸಿದ್ದು. 5 ವಾಟ್ ಸಾಕು, 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಐದು ತಾಸು ಧಾರಾಳವಾಗಿ ಓಡುತ್ತದೆ. ಪಟ್ಟಿ ಕಟ್ಟಿದ ಮೇಲೆ ಫೋಕಸ್ ಮಾಡಿ, ಮೊದಲೇ ಅಲ್ಲ: ಕಟ್ಟುವಾಗ ಮುಂದಿನ ಸಣ್ಣ ಫೋಕಸ್ ರಿಂಗ್ ತಿರುಗಿದ್ದು ಗೊತ್ತೇ ಆಗುವುದಿಲ್ಲ.

ನಿಜವಾದ ತೊಂದರೆ ವಾಪಸ್ ಬರುವಾಗ. ತಣ್ಣಗಿನ ಲೆನ್ಸ್ ಬೆಚ್ಚಗಿನ ಕಾರಿಗೆ ಬಂತೆಂದರೆ ಹೊರಗೂ ಒಳಗೂ ಬೆವರುತ್ತದೆ. ಹೊರಗಿರುವಾಗಲೇ ಜಿಪ್ ಕವರಿಗೆ ಹಾಕಿ, ಗಾಳಿ ಹೊರದೂಡಿ ಮುಚ್ಚಿ. ಬೆಂಗಳೂರು ತಲುಪುವ ತನಕ ತೆಗೆಯಬೇಡಿ, ಮೆಮೊರಿ ಕಾರ್ಡ್ ಬೇಕಿದ್ದರೆ ಮುಚ್ಚುವ ಮೊದಲೇ ತೆಗೆದಿಟ್ಟುಕೊಳ್ಳಿ. ಮನೆಯಲ್ಲಿ ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ ಇದ್ದರೆ ಆಯಿತು. ಒಳಗೆ 40-50 ಶೇಕಡ ಇರಲಿ. 60 ದಾಟಿ ವಾರಗಟ್ಟಲೆ ಬಿಟ್ಟರೆ ನಮ್ಮ ಜೂನ್-ಅಕ್ಟೋಬರ್ ಹವೆಯಲ್ಲಿ ಫಂಗಸ್ ಬರುವುದು ತಡವೇನಲ್ಲ. ಡಬ್ಬಿಗೆ ಅಕ್ಕಿ ಹಾಕುವುದರಿಂದ ದೂಳು ಸೇರುತ್ತದೆಯೇ ಹೊರತು ಪ್ರಯೋಜನ ಅಷ್ಟಕ್ಕಷ್ಟೆ.

ಮಂಜಿನ ಚಿತ್ರ ಎಡಿಟ್ ಮಾಡುವಾಗ ಎರಡು ಕುಂದು ಎದ್ದು ಕಾಣುತ್ತವೆ: ಮೂಲೆಗಳ ಕಪ್ಪು ಮತ್ತು ಸೆನ್ಸರ್ ಮೇಲಿನ ದೂಳಿನ ಚುಕ್ಕೆ. ಬೇರೆ ಚಿತ್ರಗಳಲ್ಲಿ ಮರೆಯಾಗುವ ಇವೆರಡಕ್ಕೂ ಸಮನಾದ ಬಿಳಿ ಹಿನ್ನೆಲೆಯಲ್ಲಿ ಅಡಗಲು ಜಾಗವಿಲ್ಲ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಲೆನ್ಸ್ ಪ್ರೊಫೈಲ್ (ಈ ಲೆನ್ಸಿನ ಕುಂದು ಸರಿಪಡಿಸುವ ಸೆಟ್ಟಿಂಗ್) ಹಾಕಿದರೆ ಮೊದಲನೆಯದು ಹೋಗುತ್ತದೆ, ಎರಡನೆಯದಕ್ಕೆ ಹೊರಡುವ ಮುನ್ನ ಸೆನ್ಸರ್ ಶುಚಿ ಮಾಡಿಸಿ. ದಪ್ಪ ಚೌಕಟ್ಟಿನ ಫಿಲ್ಟರ್ ಹಾಕಿದರೆ ಮೂಲೆ ಇನ್ನಷ್ಟು ಕಪ್ಪಾಗುತ್ತದೆ. ಮಂಜು ಕಡಿಮೆ ಮಾಡುವ ಡೀಹೇಜ್ ಸ್ಲೈಡರ್ ಮುಟ್ಟಲೇಬೇಕೆಂದರೆ ಗೋಡೆಯ ಮೇಲೆ ಮಾತ್ರ ಮುಟ್ಟಿ. ಇಡೀ ಚಿತ್ರಕ್ಕೆ ಎಳೆದರೆ ಅಷ್ಟು ದೂರ ಹೋಗಿ ತಂದ ಮಂಜನ್ನು ನೀವೇ ಒರೆಸಿದಂತೆ.

ಇಎಫ್-ಎಸ್ ಆದ್ದರಿಂದ ಇದು ಕ್ಯಾನನ್‌ನ ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಡಿಎಸ್‌ಎಲ್‌ಆರ್‌ಗೆ ಕೂರುವುದಿಲ್ಲ. ಮಿರರ್‌ಲೆಸ್ ಇಒಎಸ್ ಆರ್ ಸರಣಿಗೆ ಅಡಾಪ್ಟರ್ ಮೂಲಕ ಕೂರುತ್ತದೆ, ದೊಡ್ಡ ಸೆನ್ಸರಿನ ಮಾದರಿಗಳಲ್ಲಿ ಕ್ರಾಪ್ ಆಗಿ (ಸೆನ್ಸರಿನ ನಡುಭಾಗ ಮಾತ್ರ ಬಳಸಿ). ಆ ಸರಣಿಯ ಚಿಕ್ಕ ಸೆನ್ಸರಿನ ಆರ್10, ಆರ್50 ಇರುವವರು ಹೊಸದಾಗಿ ಕೊಳ್ಳುವುದಾದರೆ 2023ರಲ್ಲಿ ಬಂದ ಆರ್‌ಎಫ್-ಎಸ್ 10-18 ನೋಡಲಿ, ಅದು 150 ಗ್ರಾಂ ಅಷ್ಟೇ. ಹಳೇ ಡಿಎಸ್‌ಎಲ್‌ಆರ್ ಇದ್ದವರಿಗೆ ಸೆಕೆಂಡ್ ಹ್ಯಾಂಡ್‌ನಲ್ಲಿ ಇದೇ ಸರಿ. ಕೊಳ್ಳುವಾಗ ಎರಡೂ ಮುಚ್ಚಳ ತೆಗೆದು ಹಿಂದಿನಿಂದ ಟಾರ್ಚ್ ಬಿಟ್ಟು ಫಂಗಸ್‌ನ ಜೇಡರ ಬಲೆಯಂಥ ಎಳೆಗಳಿವೆಯೇ ನೋಡಿ. ಮೌಂಟಿನ ಪ್ಲಾಸ್ಟಿಕ್ ಕಿವಿಗಳಲ್ಲಿ ಬಿರುಕಿದೆಯೇ ಉಗುರಿನಿಂದ ಸವರಿ ನೋಡಿ. ಕೊನೆಗೆ ಅಂಗಡಿಯ ಹೊರಗಿನ ಯಾವುದಾದರೂ ಇಟ್ಟಿಗೆ ಗೋಡೆಗೆ ನೇರ ನಿಂತು 10 ಮಿ.ಮೀ., ಎಫ್/4.5ರಲ್ಲಿ ಒಂದು ಚಿತ್ರ ತೆಗೆದು ನಾಲ್ಕೂ ಮೂಲೆ ಹಿಗ್ಗಿಸಿ. ನಾಲ್ಕೂ ಸಮನಾಗಿ ಮೆತ್ತಗಿದ್ದರೆ ಚಿಂತೆಯಿಲ್ಲ. ಒಂದೇ ಬದಿ ಮಸುಕಾಗಿದ್ದರೆ ಲೆನ್ಸ್ ಎಲ್ಲೋ ಬಿದ್ದಿದೆ, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.