ದೊಡ್ಡ ಬೇಸ್ ಪೆಡಲ್‌ಬೋರ್ಡ್: ಯಾವುದರ ಮುಂದೆ ಯಾವುದು, ಯಾವುದರ ಬದಲು ಯಾವುದು

ಬೇಸ್ ಗಿಟಾರ್ ನುಡಿಸುವವರು ಗಿಟಾರಿನವರ ಪೆಡಲ್‌ಬೋರ್ಡನ್ನು (ಸದ್ದು ಬದಲಿಸುವ, ಕಾಲಲ್ಲಿ ಒತ್ತುವ ಪೆಡಲ್‌ಗಳ ಹಲಗೆಯನ್ನು) ನೋಡಿ ಹಾಗೇ ಜೋಡಿಸಿಕೊಂಡರೆ ಮೊದಲ ಪೆಟ್ಟು ಬೀಳುವುದು ಮಂದ್ರಕ್ಕೆ. ನಾಲ್ಕು ತಂತಿಯ ಬೇಸ್‌ನಲ್ಲಿ ಫ್ರೆಟ್ ಒತ್ತದೆ ನುಡಿಸಿದ ಇ ತಂತಿ ಸುಮಾರು 41 ಹರ್ಟ್ಸ್, ಐದು ತಂತಿಯದರ ಬಿ ತಂತಿ ಸುಮಾರು 31 ಹರ್ಟ್ಸ್. ಗಿಟಾರಿಗೆಂದು ಮಾಡಿದ ಎಷ್ಟೋ ಪೆಡಲ್‌ಗಳಿಗೆ ಅಷ್ಟು ಕೆಳಗಿನ ಗೊಡವೆಯೇ ಇಲ್ಲ. ಹತ್ತು ಹನ್ನೆರಡು ಪೆಡಲ್‌ಗಳ ಬೋರ್ಡನ್ನು ಬಿಚ್ಚಿ ಕಟ್ಟಿ ನೋಡುವಾಗ ಎಲ್ಲ ಆಯ್ಕೆಗಳಿಗೂ ನಾನು ಇಟ್ಟ ಪರೀಕ್ಷೆ ಒಂದೇ: ಡ್ರಮ್ಸ್ ಶುರುವಾದ ಮೇಲೂ ಕೆಳಗಿನ ಸ್ವರ ನಿಲ್ಲುತ್ತದೆಯೇ? ಹೆಡ್‌ಫೋನ್‌ನಲ್ಲಿ ಗೆದ್ದ ಜೋಡಣೆಗಳು ಬ್ಯಾಂಡ್ ಜತೆ ಸೋತದ್ದೇ ಹೆಚ್ಚು.

ಅತಿ ದೊಡ್ಡ ವ್ಯತ್ಯಾಸ ಕಂಡಿದ್ದು ಓವರ್‌ಡ್ರೈವ್, ಅಂದರೆ ಸದ್ದನ್ನು ಒರಟಾಗಿಸುವ ಡ್ರೈವ್ ಪೆಡಲ್ ವಿಷಯದಲ್ಲಿ. ಒಂದು ದಾರಿ ಸರಣಿ ಜೋಡಣೆ: ಸಿಗ್ನಲ್ ಪೂರ್ತಿ ಡ್ರೈವ್ ಪೆಡಲ್‌ನೊಳಗೆ ಹೋಗಿ ಆಚೆ ಬರುತ್ತದೆ. ಇನ್ನೊಂದು ಸಮಾಂತರ ಜೋಡಣೆ: ಸಿಗ್ನಲ್ ಎರಡಾಗಿ ಒಡೆದು, ಒಂದು ಪಾಲು ಕ್ಲೀನ್ ಆಗಿ, ಇನ್ನೊಂದು ಡ್ರೈವ್ ಮೂಲಕ ಬಂದು ಕೊನೆಗೆ ಸೇರುತ್ತವೆ. ಟ್ಯೂಬ್ ಸ್ಕ್ರೀಮರ್ ಎಂಬ ಗಿಟಾರ್ ಓವರ್‌ಡ್ರೈವ್ ಜಾತಿಯ ಪೆಡಲನ್ನು ಸರಣಿಯಲ್ಲಿ ಹಾಕಿ ನೋಡಿ. ಒಂಟಿಯಾಗಿ ನುಡಿಸುವಾಗ ಮಿಡ್ ಮುಂದೆ ಬಂದು ಖುಷಿಯಾಗುತ್ತದೆ, ಡ್ರಮ್ಸ್ ಬಂದ ಕೂಡಲೇ ತಳವೇ ಕುಸಿದಂತಾಗುತ್ತದೆ. ಅದರ ಸರ್ಕ್ಯೂಟ್‌ನಲ್ಲಿ ಸುಮಾರು 720 ಹರ್ಟ್ಸ್‌ಗಿಂತ ಕೆಳಗೆ ಗೇನ್ ಇಳಿಯುತ್ತಾ ಹೋಗುತ್ತದೆ. ಗಿಟಾರಿಗೆ ಅದೇ ಗುಣ, ನಮಗೆ ಅದೇ ದೋಷ.

ಸಮಾಂತರಕ್ಕೆ ನಾನು ಬಳಸಿದ್ದು ಬಾಸ್ (Boss) ಕಂಪನಿಯ ಎಲ್‌ಎಸ್-2, ಸಿಗ್ನಲ್ಲನ್ನು ಎರಡು ಲೂಪ್‌ಗಳಿಗೆ ಹಂಚಿ ಮತ್ತೆ ಸೇರಿಸುವ ಪೆಡಲ್. ಎ ಲೂಪ್‌ನ ಸೆಂಡ್ (ಸಿಗ್ನಲ್ ಹೊರಹೋಗುವ ಜಾಕ್) ಮತ್ತು ರಿಟರ್ನ್ (ಮರಳಿ ಬರುವ ಜಾಕ್) ನಡುವೆ ಬರೀ ಒಂದು ಪ್ಯಾಚ್ ಕೇಬಲ್, ಬಿ ಲೂಪ್‌ನಲ್ಲಿ ಡ್ರೈವ್, ಎರಡಕ್ಕೂ ಬೇರೆ ಬೇರೆ ಲೆವೆಲ್ ನಾಬ್. ಎ ಲೆವೆಲ್ಲನ್ನು ಬೇಕಾದಲ್ಲಿಟ್ಟು, ಬಿ ನಾಬನ್ನು ಸ್ವರ ಸ್ವಲ್ಪ ಒರಟಾಗುವವರೆಗೆ ಮಾತ್ರ ತಿರುಗಿಸಿದೆ. ಕಿವಿಗೆ ಬಿದ್ದದ್ದು ಡಿಸ್ಟಾರ್ಶನ್ನೇ, ಆದರೆ ಕಿಕ್ ಡ್ರಮ್ ಜತೆ ಹೆಜ್ಜೆ ಹಾಕುತ್ತಿದ್ದದ್ದು ಕ್ಲೀನ್ ಸಿಗ್ನಲ್.

ಇದಕ್ಕೆ ಎರಡು ತಕರಾರುಗಳಿವೆ. ಕೆಲವು ಪೆಡಲ್‌ಗಳು ಸಿಗ್ನಲ್‌ನ ಫೇಸ್ ತಿರುಗಿಸುತ್ತವೆ, ಅಂದರೆ ಅಲೆಯನ್ನು ತಲೆಕೆಳಗು ಮಾಡುತ್ತವೆ. ಆಗ ಎರಡೂ ಪಾಲು ಸೇರಿದಾಗ ಒಂದನ್ನೊಂದು ಅಳಿಸಿಹಾಕುತ್ತವೆ. ಪತ್ತೆ ಮಾಡುವುದು ಸುಲಭ: ಎರಡೂ ಲೆವೆಲ್ ಸಮ ಮಾಡಿ ಇ ತಂತಿಯನ್ನು ಮೀಟಿ. ಬಿಡಿಬಿಡಿಯಾಗಿ ಕೇಳಿದ್ದಕ್ಕಿಂತ ಎರಡೂ ಸೇರಿದ್ದು ತೆಳ್ಳಗಿದ್ದರೆ ಫೇಸ್ ತಿರುಗಿದೆ ಎಂದರ್ಥ. ಎರಡನೆಯದು ಡಿಜಿಟಲ್ ಪೆಡಲ್‌ಗಳ ವಿಳಂಬ. ಎರಡು ಮಿಲಿಸೆಕೆಂಡ್ ತಡವಾಗಿ ಬರುವ ಸಿಗ್ನಲ್ಲನ್ನು ಕ್ಲೀನ್ ಜತೆ ಸಮವಾಗಿ ಬೆರೆಸಿದರೆ 250 ಹರ್ಟ್ಸ್‌ನಲ್ಲಿ ಒಂದು ಗುಂಡಿ, 750ರಲ್ಲಿ ಇನ್ನೊಂದು, ಹೀಗೆ ಮೇಲಕ್ಕೆ ಸಾಲು. 250 ಎಂದರೆ ಬೇಸ್‌ನ ಮೈಕಟ್ಟು ಇರುವ ಜಾಗ. ಹಾಗಾಗಿ ಡಿಜಿಟಲ್ ಡ್ರೈವನ್ನು ಅನಲಾಗ್ ಕ್ಲೀನ್ ಜತೆ ಬೆರೆಸುವ ಆಸೆಯನ್ನು ನಾನು ಬಿಟ್ಟೆ. ಕ್ಲೀನ್ ಮತ್ತು ಡ್ರೈವ್ ಬೆರೆಸುವ ಬ್ಲೆಂಡ್ ನಾಬ್ ಒಳಗೇ ಇರುವ ಬೇಸ್ ಪೆಡಲ್‌ಗಳಲ್ಲಿ ಈ ತಲೆನೋವು ಕಡಿಮೆ. ಡಾರ್ಕ್‌ಗ್ಲಾಸ್‌ನ ಮೈಕ್ರೋಟ್ಯೂಬ್ಸ್ ಎಕ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೆಳಗಿನ ಭಾಗವನ್ನು ಕಂಪ್ರೆಸ್ ಮಾಡಿ ಮೇಲಿನ ಭಾಗಕ್ಕೆ ಮಾತ್ರ ಡಿಸ್ಟಾರ್ಶನ್ ಕೊಡುತ್ತದೆ. ಬೋರ್ಡ್‌ನಲ್ಲಿ ಒಂದೇ ಡ್ರೈವ್ ಸಾಕು ಎನ್ನುವವರಿಗೆ ಅಂಥದ್ದೇ ಲೇಸು. ನನಗೆ ಎರಡು ಬಗೆಯ ಡ್ರೈವ್ ಬೇಕಿತ್ತು, ಎಲ್‌ಎಸ್-2 ಉಳಿಯಿತು.

ಇನ್ನು ಕ್ರಮ. ಆಕ್ಟೇವರ್ (ಒಂದು ಸ್ಥಾಯಿ ಕೆಳಗಿನ ಸ್ವರ ಸೇರಿಸುವುದು), ಎನ್ವಲಪ್ ಫಿಲ್ಟರ್ (ಮೀಟಿದ ಬಿರುಸಿಗೆ ತಕ್ಕಂತೆ ವಾವಾ ಎನ್ನುವುದು), ಕಂಪ್ರೆಸರ್ (ಜೋರು ಮೆಲುವಿನ ಅಂತರ ತಗ್ಗಿಸುವುದು) ಮೂರಕ್ಕೂ ಸಾಲಿನಲ್ಲಿ ಮೊದಲ ಜಾಗ ಬೇಕು. ಅನಲಾಗ್ ಆಕ್ಟೇವರ್‌ಗೆ ಬೇಕಾದ್ದು ಶುದ್ಧವಾದ ಒಂಟಿ ಸ್ವರ. ಬಾಸ್ ಓಸಿ-2 ಥರದವು ಇ ತಂತಿಯ ಐದನೇ ಫ್ರೆಟ್‌ಗಿಂತ ಕೆಳಗಿಳಿದರೆ ತಡವರಿಸತೊಡಗುತ್ತವೆ. ಮುಂದೆ ಕಂಪ್ರೆಸರ್ ಇಟ್ಟರೆ ಮಟ್ಟ ಸಮನಾಗಿ, ಸ್ವರ ಹಿಡಿದಿಟ್ಟುಕೊಳ್ಳುವುದು ಸುಧಾರಿಸಿತು. ಆದರೆ ಅದೇ ಕಂಪ್ರೆಸರ್ ಹಿಂದೆಯೇ ಇರುವ ಫಿಲ್ಟರ್‌ನ ಜೀವ ತೆಗೆಯಿತು. ಎನ್ವಲಪ್ ಫಿಲ್ಟರ್ ಬಾಯಿ ತೆರೆಯುವುದು ಬೆರಳಿನ ಬಿರುಸು ನೋಡಿ. ಬಿರುಸು ಮೆಲುವೆಲ್ಲ ಒಂದೇ ಮಟ್ಟಕ್ಕೆ ಬಂದರೆ ಅದಕ್ಕೆ ಮಾಡಲು ಕೆಲಸವಿಲ್ಲ. ಕಂಪ್ರೆಸರ್ ಮೊದಲೋ ಕೊನೆಯೋ ಎಂಬ ಪಂದ್ಯದಲ್ಲಿ ನಾನು ಗೆಲುವು ಕೊಟ್ಟದ್ದು ಕೊನೆಗೆ: ಆಕ್ಟೇವರ್, ಫಿಲ್ಟರ್, ಡ್ರೈವ್, ಆಮೇಲೆ ಕಂಪ್ರೆಸರ್. ಆಕ್ಟೇವರ್‌ನ ತಡವರಿಕೆಗೆ ಕೈಯಲ್ಲೇ ಮದ್ದಿದೆ. ಬೇಸ್‌ನ ಟೋನ್ ನಾಬ್ ಇಳಿಸಿ, ನೆಕ್ ಪಿಕಪ್ (ತಂತಿಯ ಕಂಪನ ಹಿಡಿಯುವ, ಕುತ್ತಿಗೆಯ ಬದಿಯ ಭಾಗ) ಕಡೆ ಸರಿದು ನುಡಿಸಿದರೆ ಹಾರ್ಮೋನಿಕ್‌ಗಳು ಕಡಿಮೆಯಾಗಿ ಅದು ಮೂಲ ಸ್ವರವನ್ನು ಸರಿಯಾಗಿ ಹಿಡಿಯುತ್ತದೆ. ಸ್ಲ್ಯಾಪ್‌ನಲ್ಲಿ ಹೆಬ್ಬೆರಳಿನ ಹೊಡೆತ ಎಲ್ಲೆ ಮೀರಿದಾಗ ಸಾಲಿನ ಕೊನೆಯ ಕಂಪ್ರೆಸರ್ ಅದನ್ನು ಹಿಡಿಯಿತು. ಅದು ಉಚಿತ ಲಾಭ.

ಫಜ್, ಅಂದರೆ ಅತಿ ಒರಟು ಡಿಸ್ಟಾರ್ಶನ್, ಮೊದಲೋ ಫಿಲ್ಟರ್ ಮೊದಲೋ? ಫಜ್ ಮೊದಲಾದರೆ ಹಾರ್ಮೋನಿಕ್‌ಗಳು ಯಥೇಚ್ಛ, ಸಿಂಥ್‌ನಂತೆ ದಪ್ಪ ಸದ್ದು. ಆದರೆ ಫಜ್ ಸಿಗ್ನಲ್ಲನ್ನು ಚಪ್ಪಟೆ ಮಾಡುವುದರಿಂದ ಫಿಲ್ಟರ್ ಸರಿಯಾಗಿ ಏರಿಳಿಯುವುದಿಲ್ಲ. ಫಿಲ್ಟರ್ ಮೊದಲಾದರೆ ಬೆರಳಿಗೆ ಚೆನ್ನಾಗಿ ಸ್ಪಂದಿಸುತ್ತದೆ, ಸದ್ದು ಮಾತ್ರ ಫಜ್‌ನದ್ದೇ ಮೇಲುಗೈ. ಇಲೆಕ್ಟ್ರೋ-ಹಾರ್ಮೋನಿಕ್ಸ್‌ನ ಕ್ಯೂ-ಟ್ರಾನ್ ಪ್ಲಸ್ ಎಂಬ ಎನ್ವಲಪ್ ಫಿಲ್ಟರ್ ಈ ಜಗಳ ಬಿಡಿಸಿತು. ಅದರಲ್ಲಿ ಎಫೆಕ್ಟ್ಸ್ ಲೂಪ್ ಇದೆ. ಫಜ್ ಆ ಲೂಪ್‌ನೊಳಗೆ ಕೂತರೆ, ಫಿಲ್ಟರನ್ನು ತೆರೆಯುವುದು ಮೂಲ ಸಿಗ್ನಲ್‌ನ ಬಿರುಸು, ಫಿಲ್ಟರ್ ಆಗುವುದು ಫಜ್ ಸದ್ದು. ಬಫರ್ ಆದ (ನಡುವೆ ಬೇರೆ ಸರ್ಕ್ಯೂಟ್ ಬಲಪಡಿಸಿ ಕಳಿಸಿದ) ಸಿಗ್ನಲ್ ಸಿಕ್ಕರೆ ‘ಫಜ್ ಫೇಸ್’ (Fuzz Face) ಎಂಬ ಹೆಸರಿನ ಫಜ್ ಥರದ ಪೆಡಲ್‌ಗಳು ಕರ್ಕಶವಾಗುತ್ತವೆ, ಅವಕ್ಕೆ ನೇರ ಪಿಕಪ್ಪೇ ಆಗಬೇಕು. ಬಿಗ್ ಮಫ್ ವಂಶದ ಫಜ್‌ಗಳಿಗೆ ಆ ಹಟವಿಲ್ಲ, ನಾನು ಹಾಕಿದ್ದೂ ಅದೇ. ಕೋರಸ್ (ಒಂದು ಸದ್ದು ಹಲವಾಗಿ ಕೇಳಿಸುವಂತೆ ಮಾಡುವುದು), ಡಿಲೇ (ಪ್ರತಿಧ್ವನಿ) ಎಲ್ಲರೂ ಇಡುವ ಹಾಗೆ ಕೊನೆಗೆ. ಅಲ್ಲಿ ವಾದಿಸಲು ಏನೂ ಇಲ್ಲ.

ಪವರ್ ವಿಷಯದಲ್ಲಿ ಡೈಸಿ ಚೈನ್ (ಒಂದೇ ಅಡಾಪ್ಟರ್‌ನಿಂದ ಒಂದೇ ತಂತಿಯಲ್ಲಿ ಎಲ್ಲ ಪೆಡಲ್‌ಗಳಿಗೂ ವಿದ್ಯುತ್) ಪರ ಮಾತಾಡುವವರು ಇನ್ನೂ ಇದ್ದಾರೆ. ನಾಲ್ಕು ಅನಲಾಗ್ ಪೆಡಲ್‌ಗಳಿಗೆ ಅದು ಸಾಕು, ಹಗುರ, ಅಗ್ಗ. ದೊಡ್ಡ ಬೋರ್ಡ್‌ಗೆ ಬೇಡ. ಅದೇ ತಂತಿಗೆ ಡಿಜಿಟಲ್ ಡಿಲೇ ಒಂದನ್ನು ಸಿಕ್ಕಿಸಿದ ಕೂಡಲೇ ಆಂಪ್‌ನಿಂದ ಸೊಳ್ಳೆ ಹಾಡಿದಂಥ ಕೀರಲು ಸದ್ದು ಶುರುವಾಯಿತು. ಡ್ರೈವ್ ಒತ್ತಿದರೆ ಕೀರಲೂ ಜೋರು. ಡಿಲೇ ಪ್ಲಗ್ ಕಿತ್ತರೆ ನಿಶ್ಶಬ್ದ. ಪ್ರತಿ ಔಟ್‌ಪುಟ್ ಬೇರೆಯಾಗಿರುವ ಐಸೊಲೇಟೆಡ್ ಸಪ್ಲೈಗೆ ಬದಲಿಸಿದಾಗ ಅದೇ ಪೆಡಲ್‌ಗಳು, ಅದೇ ಕೇಬಲ್‌ಗಳು, ಸದ್ದಿಲ್ಲ. ಇನ್ನೊಂದು ಕಾರಣವೂ ಇದೆ: ಹಳೆಯ ಮಾದರಿಯ ಪಿಎನ್‌ಪಿ ಜರ್ಮೇನಿಯಂ ಟ್ರಾನ್ಸಿಸ್ಟರಿನ ಫಜ್‌ಗಳು ಪಾಸಿಟಿವ್ ಗ್ರೌಂಡ್‌ನವು, ಅಂದರೆ ಉಳಿದವಕ್ಕೆ ಉಲ್ಟಾ, ಪ್ಲಸ್ ತುದಿಯೇ ಗ್ರೌಂಡ್. ಉಳಿದವುಗಳ ಜತೆ ಅದನ್ನು ಡೈಸಿ ಚೈನ್‌ಗೆ ಸಿಕ್ಕಿಸಿದರೆ ನೇರ ಶಾರ್ಟ್. ಸಪ್ಲೈ ಕೊಳ್ಳುವಾಗ ಔಟ್‌ಪುಟ್ ಎಷ್ಟಿವೆ ಎನ್ನುವುದಕ್ಕಿಂತ ಒಂದೊಂದೂ ಎಷ್ಟು ಮಿಲಿಆಂಪ್ ಕೊಡುತ್ತದೆ ಎಂದು ನೋಡಿ. ಸಾದಾ ಓವರ್‌ಡ್ರೈವ್ ಒಂದು ಹತ್ತಿಪ್ಪತ್ತು ಮಿಲಿಆಂಪ್‌ನಲ್ಲಿ ಸುಮ್ಮನಿರುತ್ತದೆ, ದೊಡ್ಡ ಡಿಜಿಟಲ್ ಪೆಡಲ್‌ಗಳು 300 ಕೇಳುತ್ತವೆ.

ಕಾಲಿನ ಕೆಲಸಕ್ಕೆ ಬಂದರೆ ಪೈಪೋಟಿ ನೇರ ಒತ್ತುವುದಕ್ಕೂ, ಒಂದೇ ಒತ್ತಿಗೆ ಹಲವು ಪೆಡಲ್‌ಗಳನ್ನು ಆನ್ ಆಫ್ ಮಾಡುವ ಲೂಪ್ ಸ್ವಿಚರ್‌ಗೂ. ಆಕ್ಟೇವರ್ ಆಫ್, ಫಜ್ ಆನ್, ಕೋರಸ್ ಆನ್: ಪಲ್ಲವಿ ಮುಗಿದು ಚರಣ ಶುರುವಾಗುವ ಆ ಒಂದು ತಾಳದೊಳಗೆ ಮೂರು ಪೆಡಲ್ ಒತ್ತುವುದು ಕುಣಿತವೇ ಹೊರತು ಸಂಗೀತವಲ್ಲ. ಎಂಟು ಲೂಪ್‌ಗಳ ಬಾಸ್ ಇಎಸ್-8ನಲ್ಲಿ ಅದು ಒಂದೇ ಒತ್ತು. ಪೆಡಲ್‌ಗಳ ಕ್ರಮವನ್ನೂ ಕೇಬಲ್ ಮುಟ್ಟದೆ ಬದಲಿಸಬಹುದು, ಬಳಸದ ಪೆಡಲ್ ಸಿಗ್ನಲ್ ದಾರಿಯಿಂದಲೇ ಹೊರಗಿರುತ್ತದೆ. ನನಗೆ ಇದೆಲ್ಲಕ್ಕಿಂತ ಹಿಡಿಸಿದ್ದು ಬೇರೆ: ಕಾಲಿಗೆ ಸಿಗಬೇಕಾದ್ದು ಸ್ವಿಚರ್ ಮಾತ್ರ, ಹಾಗಾಗಿ ಪೆಡಲ್‌ಗಳನ್ನು ಹಿಂದಿನ ಸಾಲಿಗೆ ತಳ್ಳಬಹುದು, ಅಡ್ಡಡ್ಡ ಇಡಬಹುದು.

ಬೆಲೆ ತೆರುವುದು ಕೇಬಲ್‌ನಲ್ಲಿ. ಲೂಪ್‌ಗೆ ಎರಡರಂತೆ ಎಂಟಕ್ಕೆ ಹದಿನಾರು ಪ್ಯಾಚ್ ಕೇಬಲ್, ಒಂದು ಕೈಕೊಟ್ಟರೂ ಹುಡುಕಾಟ. ಜಾಮ್‌ಗಳಲ್ಲಂತೂ ಸ್ವಿಚರ್ ಕಾಲಿಗೆ ಕಟ್ಟಿದ ಕಲ್ಲು. ಡ್ರಮ್ಮರ್ ದಿಢೀರನೆ ತಗ್ಗಿಸಿದಾಗ ಡ್ರೈವ್ ಒಂದನ್ನೇ ತೆಗೆಯಬೇಕು, ಆದರೆ ಕಾಲಡಿ ಇರುವುದು ಪ್ರೀಸೆಟ್‌ಗಳು (ಮೊದಲೇ ಜೋಡಿಸಿಟ್ಟ ಪೆಡಲ್ ಗುಂಪುಗಳು). ಕೊನೆಗೆ ನಾನು ಒಪ್ಪಿಕೊಂಡದ್ದು ಅರ್ಧ ದಾರಿ: ಆಕ್ಟೇವರ್, ಫಿಲ್ಟರ್, ಕೋರಸ್, ಡಿಲೇ ಸ್ವಿಚರ್‌ನಲ್ಲಿ. ಎಲ್‌ಎಸ್-2 ಸ್ವಿಚರ್‌ನ ಹೊರಗೆ, ಬಲಗಾಲಿನ ನೇರಕ್ಕೆ. ಕಂಪ್ರೆಸರ್ ಮತ್ತು ಪ್ರೀಆಂಪ್ ಡಿಐ (ಸದ್ದು ತಿದ್ದಿ ನೇರ ಮಿಕ್ಸರಿಗೆ ಕಳಿಸುವ ಪೆಟ್ಟಿಗೆ) ಸದಾ ಆನ್, ಅವುಗಳಿಗೆ ಕಾಲು ಮುಟ್ಟುವುದೇ ಇಲ್ಲ. ಹಾಡುಗಳ ಪಟ್ಟಿ ನಿಗದಿ ಇರುವ ಬ್ಯಾಂಡ್‌ನವರು ಪೂರ್ತಿ ಸ್ವಿಚರ್‌ಗೇ ಹೋಗಿ, ಪಶ್ಚಾತ್ತಾಪ ಪಡುವುದಿಲ್ಲ.

ಬೋರ್ಡ್‌ನ ಚೌಕಟ್ಟು ಪಟ್ಟಿಗಳದ್ದೋ ತೂತುಗಳ ಚಪ್ಪಟೆ ಹಲಗೆಯದ್ದೋ ಎಂಬ ಚರ್ಚೆಗೆ ಅಷ್ಟು ಹುರುಪು ಬೇಡ. ಪೆಡಲ್‌ಟ್ರೇನ್‌ನಂಥ ಪಟ್ಟಿಗಳ ಸಂದಿಯಲ್ಲಿ ಕೇಬಲ್ ಇಳಿಸುವುದು ಸಲೀಸು, ವೆಲ್ಕ್ರೊ ಕಿತ್ತು ಸ್ಥಳ ಬದಲಿಸುವುದೂ ಸಲೀಸು. ಕ್ರಮ ಇನ್ನೂ ಗಟ್ಟಿಯಾಗದವರಿಗೆ ಅದೇ ಸರಿ. ಚಿಕ್ಕ ಪೆಡಲ್‌ಗಳು ಮಾತ್ರ ಪಟ್ಟಿಗಳ ನಡುವೆ ಬಾಯಿ ಬಿಟ್ಟುಕೊಂಡು ವಾಲುತ್ತವೆ. ಪ್ಯಾಚ್ ಕೇಬಲ್‌ನಲ್ಲಿ ಬೆಸುಗೆ ಇಲ್ಲದ ಕಿಟ್ ಬೇಕಾದ ಉದ್ದಕ್ಕೆ ಕತ್ತರಿಸಿಕೊಳ್ಳಲು ಚೆನ್ನ, ಬೋರ್ಡ್ ಅಲುಗದೆ ಒಂದೇ ಕಡೆ ಇದ್ದರೆ. ಹೊತ್ತೊಯ್ಯುವ ಬೋರ್ಡ್‌ಗೆ ಬೆಸುಗೆ ಹಾಕಿದ್ದೇ ಆಗಬೇಕು.

ಇಷ್ಟೆಲ್ಲ ಯಾಕೆ, ಹಲವು ಪೆಡಲ್‌ಗಳ ಸದ್ದು ಒಳಗೇ ಇರುವ ಡಿಜಿಟಲ್ ಯಂತ್ರ ಲೈನ್ 6 ಎಚ್‌ಎಕ್ಸ್ ಸ್ಟಾಂಪ್ ಒಂದರಲ್ಲೇ ಮುಗಿಸಬಾರದೇ ಎಂದು ಕೇಳುವವರಿದ್ದಾರೆ. ಮುಗಿಸಬಹುದು. ಸಮಾಂತರ ದಾರಿ ಅದರೊಳಗೇ ಇದೆ, ತೂಕವೂ ಇಲ್ಲ. ಹಾಡಿನ ಮಧ್ಯೆ ಫಜ್‌ನ ಟೋನ್ ಒಂದು ಕೂದಲೆಳೆ ಇಳಿಸಬೇಕಾದಾಗ ಮೆನುವಿಗಿಂತ ನಾಬ್ ಬೇಗ ಸಿಗುತ್ತದೆ, ನನ್ನ ಮಟ್ಟಿಗೆ ಪೆಡಲ್‌ಗಳ ಪರ ತೀರ್ಪು ಬಿದ್ದದ್ದು ಅಷ್ಟಕ್ಕೇ. ಬೋರ್ಡ್ ಹೊತ್ತು ಮೆಟ್ಟಿಲು ಹತ್ತುವ ದಿನ ಆ ತೀರ್ಪು ಕೊಂಚ ಅಲುಗಾಡುವುದುಂಟು.