ಹೊಳಪಿಗೆ ಮರುಳಾಗಿ ಕೊಂಡ ಎರಡನೇ ರಿವಾಲ್ವರ್: ಹಳೆಯದನ್ನು ಕೊಳ್ಳಲು ಹೊರಟವರು ದಯವಿಟ್ಟು ಓದಿ

ಕಳೆದ ವಾರ ಒಂದು ಮಾರಾಟದ ಜಾಹೀರಾತಿನ ಚಿತ್ರದಲ್ಲಿ, ನಾನು ಕೊಂಡ ರಿವಾಲ್ವರಿನ ಕೆಳಗೆ ಹಾಸಿದ್ದ ಅದೇ ಹಸಿರು ಬಟ್ಟೆಯನ್ನು ಕಂಡೆ. ಅದೇ ಮಡಿಕೆ, ಅದೇ ಅಂಚು, ಅದರ ಮೇಲೆ ಕನ್ನಡಿಯಂತೆ ಹೊಳೆಯುವ ಇನ್ನೊಂದು ರಿವಾಲ್ವರ್, ಕೆಳಗೆ ನನಗೆ ಹೇಳಿದ್ದ ಅದೇ ವಾಕ್ಯ: "ಮನೆಯಲ್ಲೇ ಇದ್ದದ್ದು, ಅಪರೂಪಕ್ಕೆ ಹಾರಿಸಿದ್ದು." ಇದನ್ನು ಬರೆಯಲೋ ಬೇಡವೋ ಎಂದು ಎರಡು ತಿಂಗಳಿಂದ ಹಿಂದೆಮುಂದೆ ನೋಡುತ್ತಿದ್ದೆ, ಏಕೆಂದರೆ ಬರೆದರೆ ನನ್ನ ದಡ್ಡತನವೇ ಮೊದಲು ಬಯಲಾಗುತ್ತದೆ. ಆ ಬಟ್ಟೆಯನ್ನು ಕಂಡ ಮೇಲೆ ಸುಮ್ಮನಿರಲು ಆಗಲಿಲ್ಲ. ಮಾರಿದವರ ಹೆಸರನ್ನು ಬರೆಯುವುದಿಲ್ಲ. ರಿವಾಲ್ವರಿನ ತಯಾರಕರ ಹೆಸರನ್ನೂ ಬರೆಯುವುದಿಲ್ಲ, ಏಕೆಂದರೆ ತಪ್ಪು ತಯಾರಿಸಿದವರದಲ್ಲ.

ನನ್ನ ಬಳಿ ಮೊದಲಿನಿಂದಲೂ ನಾಲ್ಕು ಇಂಚಿನ ನಳಿಗೆಯ, ಆರು ಗುಂಡಿನ ಒಂದು .38 ಸ್ಪೆಷಲ್ ಇದೆ. ಎರಡನೆಯದಾಗಿ ಅದಕ್ಕಿಂತ ಹೆಚ್ಚು ಬಲದ ಗುಂಡಿನ .357 ಮ್ಯಾಗ್ನಮ್ ಕೊಳ್ಳಬೇಕೆಂಬುದು ನನ್ನ ಲೆಕ್ಕಾಚಾರವಾಗಿತ್ತು, ಮತ್ತು ಆ ಲೆಕ್ಕಾಚಾರ ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ. 1935ರಲ್ಲಿ ಬಂದ .357ರ ತೋಟೆಯ ಲೋಹದ ಕವಚ .38 ಸ್ಪೆಷಲ್‌ನದಕ್ಕಿಂತ ಮೂರು ಮಿಲಿಮೀಟರ್‌ಗಿಂತ ತುಸು ಹೆಚ್ಚು ಉದ್ದವಿರುವುದರಿಂದ ಮ್ಯಾಗ್ನಮ್ ರಿವಾಲ್ವರಿನಲ್ಲಿ .38 ಹಾರಿಸಬಹುದು, .38ರಲ್ಲಿ ಮ್ಯಾಗ್ನಮ್ ಹಾರಿಸಲಾಗದು. ಅಭ್ಯಾಸಕ್ಕೆ ಅಗ್ಗದ .38, ಬೇಕಾದಾಗ ಮ್ಯಾಗ್ನಮ್, ಎರಡೂ ರಿವಾಲ್ವರ್‌ಗಳಿಗೆ ಒಂದೇ ಪೆಟ್ಟಿಗೆಯ ಮದ್ದುಗುಂಡು. ಕೈಯಲ್ಲಿ ಹಣ ಕಡಿಮೆ ಇರುವವನಿಗೆ ಇದಕ್ಕಿಂತ ಒಳ್ಳೆಯ ಜೋಡಿ ಯಾವುದು? ಹೊಸದನ್ನು ಕೊಳ್ಳುವಷ್ಟು ಹಣವಿರಲಿಲ್ಲ. ಹದಿನಾಲ್ಕು ತಿಂಗಳು ಉಳಿಸಿದ ಹಣಕ್ಕೆ ಹಳೆಯದೇ ಗತಿ ಎಂಬುದು ನನಗೆ ಗೊತ್ತಿತ್ತು.

ಮೊದಲು ಹೇಳಲೇಬೇಕಾದ ಒಂದು ಮಾತಿದೆ. ಅದೇ ತಿಂಗಳು ನನಗೆ ಇನ್ನೊಂದು ರಿವಾಲ್ವರ್ ಸಿಕ್ಕಿತ್ತು. ಯಾವುದೋ ಪೊಲೀಸ್ ಇಲಾಖೆಯಿಂದ ಹೊರಬಿದ್ದ ಸಾದಾ .38, 1899ರಿಂದ ಒಂದಲ್ಲ ಒಂದು ರೂಪದಲ್ಲಿ ತಯಾರಾಗುತ್ತಾ ಬಂದ ಸ್ಮಿತ್ ಆಂಡ್ ವೆಸನ್‌ನ ಮಾಡೆಲ್ 10ರ ಜಾತಿಯದು. ಚರ್ಮದ ಹೋಲ್‌ಸ್ಟರಿನೊಳಗೆ ಉಜ್ಜಿ ಉಜ್ಜಿ ನಳಿಗೆಯ ತುದಿಯಲ್ಲಿ ನೀಲಿ ಬಣ್ಣ ಪೂರ್ತಿ ಹೋಗಿ ಬಿಳಿ ಉಕ್ಕು ಕಾಣುತ್ತಿತ್ತು, ಮರದ ಹಿಡಿಯ ಮೇಲೆ ಕಚ್ಚುಗಳಿದ್ದವು. ಬೆಲೆಯೂ ಕಡಿಮೆ. ಇಂಥವು ವರ್ಷಗಟ್ಟಲೆ ಸೊಂಟದಲ್ಲಿ ಸವೆದಿರುತ್ತವೆಯೇ ಹೊರತು ಗುಂಡು ಹಾರಿಸಿ ಸವೆದಿರುವುದು ಕಡಿಮೆ ಎಂದು ಬಲ್ಲವರು ಹೇಳುತ್ತಲೇ ಇರುತ್ತಾರೆ. ನಾನೂ ಬೇರೆಯವರಿಗೆ ಹೇಳಿದ್ದೆ. ಆದರೆ ನೋಡಲು ಚೆನ್ನಾಗಿಲ್ಲ ಎಂದು ಅದನ್ನು ಬಿಟ್ಟು, ಹಸಿರು ಬಟ್ಟೆಯ ಮೇಲಿದ್ದ .357 ಸುಂದರಾಂಗನ ಹಿಂದೆ ಹೋದೆ.

ಹೋಗುವಾಗ ಬರಿಗೈಯಲ್ಲಿ ಹೋಗಿರಲಿಲ್ಲ. ಇದೇ ನನ್ನನ್ನು ಹೆಚ್ಚು ಕುಟುಕುವುದು. ಅಂಗಿಯ ಜೇಬಿನಲ್ಲಿ ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ತಗಡುಗಳ ಗೊಂಚಲು, ಇತ್ತು, ಪ್ಯಾಂಟಿನ ಜೇಬಿನಲ್ಲಿ ಸಣ್ಣ ಟಾರ್ಚ್ ಇತ್ತು. ಏನೇನು ನೋಡಬೇಕು ಎಂಬ ಪಟ್ಟಿ ತಲೆಯಲ್ಲಿತ್ತು. ಮಾರುವವರು ಬಾಗಿಲಲ್ಲೇ ನಗುತ್ತಾ ಬರಮಾಡಿಕೊಂಡರು, ಕೂರಿಸಿದರು, ತಮ್ಮ ಮೊದಲ ರಿವಾಲ್ವರಿನ ಕಥೆ ಹೇಳಿದರು, ನನ್ನದರ ಬಗ್ಗೆ ಕೇಳಿದರು, "ನಿಮ್ಮಂಥ ತಿಳಿದವರ ಕೈಗೆ ಹೋಗುತ್ತದಲ್ಲ ಸರ್, ಅದೇ ನನಗೆ ಸಮಾಧಾನ" ಎಂದರು. ನಾನು ಗುಂಡು ತುಂಬುವ, ತಿರುಗುವ ಸಿಲಿಂಡರ್ ತೆರೆದು ಖಾಲಿಯಿರುವುದನ್ನು ನೋಡಿ, ಮುಚ್ಚಿ, ಹಿಂದಿನಿಂದ ಪೆಟ್ಟು ಹಾಕುವ ಹ್ಯಾಮರ್ ಮೇಲೆ ಹೆಬ್ಬೆರಳಿಟ್ಟೆನೋ ಇಲ್ಲವೋ, ಅವರ ಕೈ ನನ್ನ ಕೈಯ ಮೇಲೆ ಬಂದಿತು. "ಖಾಲಿ ಹೊಡೆಯಬೇಡಿ ಸರ್, ಪಿನ್ ಹಾಳಾಗುತ್ತದೆ. ನಾನು ಮಕ್ಕಳಿಗೂ ಮುಟ್ಟಲು ಬಿಟ್ಟಿಲ್ಲ."

ಖಾಲಿ ಹೊಡೆದರೆ ಕೆಡುವ ಭಯ .22ರಂಥ ಅಂಚಿಗೆ ಪೆಟ್ಟು ಬೀಳುವ ತೋಟೆಗಳ ರಿವಾಲ್ವರ್‌ಗಳಲ್ಲಿ ನಿಜ. ನಡುವೆ ಪೆಟ್ಟು ಬೀಳುವ ಇಂಥವುಗಳಲ್ಲಿ ನಾಲ್ಕು ಸಲ ಖಾಲಿ ಹೊಡೆದ ಮಾತ್ರಕ್ಕೆ ಏನೂ ಆಗುವುದಿಲ್ಲ. ಹೋಗಲಿ, ನಾನು ಮಾಡಹೊರಟ ಪರೀಕ್ಷೆಯಲ್ಲಿ ಹ್ಯಾಮರನ್ನು ಬಿಡಬೇಕಾಗಿಯೇ ಇರಲಿಲ್ಲ, ಹೆಬ್ಬೆರಳಲ್ಲಿ ಹಿಡಿದು ಮೆಲ್ಲಗೆ ಇಳಿಸಿದ್ದರೆ ಸಾಕಿತ್ತು. ಇದೆಲ್ಲ ನನಗೆ ಗೊತ್ತು. ಗೊತ್ತಿದ್ದೂ "ಕ್ಷಮಿಸಿ" ಎಂದು ಕೈ ತೆಗೆದೆ. ಕ್ಷಮೆ ಕೇಳಿದವನು ನಾನು! ಅದಾದ ಮೇಲೆ ಜೇಬಿನಿಂದ ಫೀಲರ್ ಗೇಜ್ ತೆಗೆಯಲು ನಾಚಿಕೆಯಾಯಿತು. ಅಷ್ಟು ಆದರದಿಂದ ಮಾತಾಡಿದವರ ಎದುರು ಅವರ ವಸ್ತುವನ್ನು ಅಳೆದು ನೋಡುವುದು ಅವರ ಮಾತನ್ನು ನಂಬಲಿಲ್ಲ ಎಂದ ಹಾಗೆ ಆಗುತ್ತದೆಂದು ಸಂಕೋಚಪಟ್ಟೆ. ಆಗ ಅವರು ಸಿಲಿಂಡರನ್ನು ಬೆಳಕಿಗೆ ಹಿಡಿದು, "ನೋಡಿ, ತಿರುಗಿದ ಗೆರೆಯೂ ಬಿದ್ದಿಲ್ಲ. ಇದಕ್ಕಿಂತ ಸಾಕ್ಷಿ ಬೇಕೇ?" ಎಂದರು. ಸಿಲಿಂಡರ್ ತಿರುಗಿದಂತೆಲ್ಲ, ಅದನ್ನು ಜಾಗದಲ್ಲಿ ಹಿಡಿದು ನಿಲ್ಲಿಸುವ ಕೆಳಗಿನ ಲಾಕ್ ಉಜ್ಜಿ ಸುತ್ತಲೂ ಸಣ್ಣ ಗೆರೆಯೊಂದು ಮೂಡುತ್ತದೆ. ಅದು ನಿಜಕ್ಕೂ ಇರಲಿಲ್ಲ. ದಶಕಗಳಷ್ಟು ಹಳೆಯ ರಿವಾಲ್ವರಿನಲ್ಲಿ ಆ ಗೆರೆ ಇಲ್ಲದಿರುವುದೇ ಅನುಮಾನಕ್ಕೆ ಕಾರಣವಾಗಬೇಕಿತ್ತು. ನಾನು ತಲೆಯಾಡಿಸಿದೆ. ಕಾನೂನಿನಂತೆ ಕಾಗದಪತ್ರ ನನ್ನ ಹೆಸರಿಗೆ ಬದಲಾಯಿತು, ಹಣ ಕೊಟ್ಟೆ, ಬಂದೆ. ಫೀಲರ್ ಗೇಜ್ ಜೇಬಿನಲ್ಲೇ ಇತ್ತು.

ಮೊದಲ ಸಲ ರೇಂಜಿಗೆ ಒಯ್ದಾಗ .38 ಗುಂಡುಗಳನ್ನೇ ಹಾಕಿದೆ. ಮೊದಲ ಸುತ್ತಿನ ನಾಲ್ಕನೆಯದೋ ಐದನೆಯದೋ ಗುಂಡಿಗೆ ಬಲಗಡೆಯ ಸಾಲಿನಲ್ಲಿದ್ದವರು ಕೆನ್ನೆ ಹಿಡಿದುಕೊಂಡು ಹಿಂದೆ ಸರಿದರು. ಕೆನ್ನೆಯ ಮೇಲೆ ಸಾಸಿವೆಯಷ್ಟು ರಕ್ತವಿತ್ತು. ಪುಣ್ಯಕ್ಕೆ ಕಣ್ಣಿಗೆ ಕನ್ನಡಕವಿತ್ತು. ಇನ್ನೂ ಎರಡು ಸುತ್ತು ಹಾರಿಸಿದೆ, ಅವರನ್ನು ದೂರ ಕಳಿಸಿ. ಹಾರಿಸಬಾರದಿತ್ತು ಎಂದು ಈಗ ಅನ್ನಿಸುತ್ತದೆ. ಪ್ರತಿ ಸುತ್ತಿನಲ್ಲೂ ಸಿಲಿಂಡರಿನಲ್ಲಿ ಗುಂಡು ಕೂರುವ ಕೋಣೆಗಳ ಪೈಕಿ ಅದೇ ಎರಡು ಬಂದಾಗ ಪಕ್ಕದ ಹಲಗೆಗೆ ಸೀಸದ ಚೂರು ಟಪ್ ಎಂದು ಬಡಿಯುತ್ತಿತ್ತು. ಒಟ್ಟು ಹದಿನೆಂಟು ಗುಂಡು. ಮ್ಯಾಗ್ನಮ್ ಒಂದೂ ಹಾಕಿಲ್ಲ, ಇದನ್ನು ನೆನಪಿಟ್ಟುಕೊಳ್ಳಿ.

ಆ ರಾತ್ರಿ ಮನೆಯಲ್ಲಿ ಕುಳಿತು, ಅವರ ಮನೆಯಲ್ಲಿ ಮಾಡಬೇಕಾಗಿದ್ದನ್ನು ಮಾಡಿದೆ. ಖಾಲಿ ಸಿಲಿಂಡರಿಗೆ ಬೆರಳಿನಿಂದ ತುಸು ತಡೆ ಕೊಟ್ಟು ಹ್ಯಾಮರನ್ನು ನಿಧಾನವಾಗಿ ಎಳೆದರೆ, ಹ್ಯಾಮರ್ ನಿಲ್ಲುವಷ್ಟರಲ್ಲಿ ಲಾಕ್ ತನ್ನ ಕಚ್ಚಿಗೆ ಬೀಳಬೇಕು. ನಾಲ್ಕು ಕೋಣೆಗಳಲ್ಲಿ ಬಿತ್ತು, ಎರಡರಲ್ಲಿ ಬೀಳಲಿಲ್ಲ. ಹ್ಯಾಮರ್ ನಿಂತರೂ ಸಿಲಿಂಡರ್ ಇನ್ನೂ ಅರ್ಧ ಕೂದಲೆಳೆಯಷ್ಟು ಹಿಂದೆಯೇ ಇತ್ತು, ಬೆರಳಲ್ಲಿ ತಳ್ಳಿದರೆ ಆಗ ಕ್ಲಿಕ್ ಎಂದಿತು. ಎಂದರೆ ಆ ಎರಡು ಕೋಣೆಗಳ ಗುಂಡು ನಳಿಗೆಯ ಬಾಯಿಗೆ ನೇರವಾಗಿ ಹೋಗದೆ ಅಂಚಿಗೆ ತಾಗಿ ಕೆತ್ತಿಕೊಂಡು ಹೋಗುತ್ತಿತ್ತು. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದು ಸಾಮಾನ್ಯವಾಗಿ 0.10ರಿಂದ 0.20 ಮಿಲಿಮೀಟರ್ ಇರುತ್ತದೆ. ನನ್ನದರಲ್ಲಿ 0.30ರ ತಗಡು ಬೆಣ್ಣೆಯೊಳಗೆ ಚಾಕು ಹೋದಂತೆ ಹೋಯಿತು. ಐದು ನಿಮಿಷದ ಕೆಲಸ. ಐದೇ ನಿಮಿಷ.

ಮರುವಾರ ಬಂದೂಕು ರಿಪೇರಿಯವರ ಬಳಿ ಒಯ್ದೆ. ಅವರು ಒಳಗೆ ನೋಡುವ ಮೊದಲೇ ಹೊರಗನ್ನು ನೋಡಿ, "ಇದಕ್ಕೆ ಮತ್ತೆ ಬ್ಲೂಯಿಂಗ್ ಮಾಡಿಸಿದ್ದಾರೆ" ಎಂದರು, ಎಂದರೆ ಉಕ್ಕಿನ ಮೇಲಿನ ನೀಲಿ ಬಣ್ಣವನ್ನು ಹೊಸದಾಗಿ ಹಾಕಿಸಿದ್ದಾರೆ. ಅಚ್ಚಿನ ಅಕ್ಷರಗಳ ಅಂಚು ಕರಗಿದ ಸಾಬೂನಿನ ಮೇಲಿನ ಅಕ್ಷರಗಳಂತೆ ಮೆತ್ತಗಾಗಿದ್ದವು, ಪಾಲಿಶ್ ಚಕ್ರಕ್ಕೆ ಹಿಡಿದು ತಿರುಪಿನ ತೂತುಗಳ ಸುತ್ತ ಸಣ್ಣ ತಗ್ಗು ಬಿದ್ದಿತ್ತು, ಸಿಲಿಂಡರಿನ ಕಚ್ಚುಗಳ ಅಂಚು ಏಟು ತಿಂದು ಉಬ್ಬಿದ್ದರೂ ಆ ಉಬ್ಬಿನ ಮೇಲೂ ಹೊಸ ನೀಲಿ ಕೂತಿತ್ತು. ತಿರುಗಿದ ಗೆರೆ ಇಲ್ಲದ್ದರ ಗುಟ್ಟು ಅದೇ. ಸಂದಿನ ನೇರ ಮೇಲಿನ ಚೌಕಟ್ಟಿನ ಪಟ್ಟಿಯಲ್ಲಿ ಬೆಂಕಿ ಕೊರೆದ ಸ್ಪಷ್ಟ ಗೀರು ಇತ್ತು. ಅಷ್ಟು ಕೊರೆಯಬೇಕಾದರೆ ಮ್ಯಾಗ್ನಮ್ ಗುಂಡುಗಳನ್ನು ಪೆಟ್ಟಿಗೆಗಟ್ಟಲೆ ಹಾರಿಸಿರಬೇಕೆಂದು ಅವರು ಹೇಳಿದರು. .38 ಸ್ಪೆಷಲ್‌ಗೆ ನಿಗದಿಯಾದ ಗರಿಷ್ಠ ಒತ್ತಡ ಚದರ ಇಂಚಿಗೆ 17,000 ಪೌಂಡ್, .357ರದು 35,000. "ಅಪರೂಪಕ್ಕೆ ಹಾರಿಸಿದ್ದು" ಎಂಬ ಮಾತಿನ ನಿಜ ಆ ಗೀರಿನಲ್ಲಿತ್ತು.

ಕೊನೆಗೆ ಅವರು ಗುಂಡು ನಳಿಗೆಯನ್ನು ಹೊಕ್ಕುವ ಆಲಿಕೆಯಂಥ ಬಾಯಿಯನ್ನು, ಅಂದರೆ ಫೋರ್ಸಿಂಗ್ ಕೋನ್ ಎನ್ನುವ ಭಾಗವನ್ನು, ಬ್ರಷ್‌ನಿಂದ ತಿಕ್ಕಿದರು. ಅಂಟಿದ್ದ ಸೀಸ ಬಿಟ್ಟುಕೊಂಡ ಮೇಲೆ ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಕೆಳಭಾಗದಲ್ಲಿ, ಗಡಿಯಾರದ ಆರರ ಜಾಗದಲ್ಲಿ, ಕೂದಲಿನಂಥ ಕಪ್ಪು ಬಿರುಕು. ಮಧ್ಯಮ ಗಾತ್ರದ ಚೌಕಟ್ಟಿನ ಕೆಲವು ಹಳೆಯ .357ಗಳಲ್ಲಿ ಆ ಜಾಗದ ಲೋಹವನ್ನು ಸಿಲಿಂಡರಿನ ತೋಳಿಗೆ ಎಡೆ ಬಿಡಲು ಚಪ್ಪಟೆಯಾಗಿ ಕತ್ತರಿಸಿರುತ್ತಾರೆ, ಹಗುರವಾದ, ವೇಗದ ಮ್ಯಾಗ್ನಮ್ ಗುಂಡುಗಳನ್ನು ಬಹಳ ಹಾರಿಸಿದರೆ ಅಲ್ಲೇ ಬಿರುಕು ಬಿಡುವುದು. ಇದಕ್ಕೆ ಬೆಸುಗೆಯಿಲ್ಲ. ನಳಿಗೆಯನ್ನೇ ಬದಲಿಸಬೇಕು, ಸಿಕ್ಕರೆ. ನಳಿಗೆ ಮತ್ತು ಕೂಲಿ ಎರಡೂ ಸೇರಿದರೆ ನಾನು ಕೊಟ್ಟ ಬೆಲೆಯ ಮುಕ್ಕಾಲು ಪಾಲು.

ಇನ್ನು ಮಾರಿದವರ ಉತ್ತರಗಳು. ಮೊದಲ ಸಂದೇಶಕ್ಕೆ, "ಅಯ್ಯೋ, ಹಾಗಾಯಿತೇ? ಎಣ್ಣೆ ಹಾಕಿ ನೋಡಿ" ಎಂದರು. ಬಿರುಕಿನ ಚಿತ್ರ ಕಳಿಸಿದ ಮೇಲೆ ಎರಡು ದಿನ ಮೌನ. ಆಮೇಲೆ, "ನಾನು ಕೊಟ್ಟಾಗ ಚೆನ್ನಾಗಿತ್ತು. ನೀವು ಮ್ಯಾಗ್ನಮ್ ಹಾಕಿರಬೇಕು" ಎಂದು ಬಂದಿತು. ಹದಿನೆಂಟು .38 ಗುಂಡು, ಅಷ್ಟೇ ಎಂದೆ. "ನೀವೇ ನೋಡಿ, ಒಪ್ಪಿ ತೆಗೆದುಕೊಂಡಿರಿ, ನಾನೇನು ಒತ್ತಾಯ ಮಾಡಿದೆನೇ? ತಿಳಿದವರು ಎಂದು ನೀವೇ ಹೇಳಿಕೊಂಡಿರಿ" ಎಂದರು. ತಿಳಿದವರು ಎಂದು ಹೇಳಿದ್ದು ಅವರು, ನಾನಲ್ಲ! ಮತ್ತೆ ಬ್ಲೂಯಿಂಗ್ ಮಾಡಿಸಿದ್ದನ್ನು ಏಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, "ನೀವು ಕೇಳಲಿಲ್ಲ" ಎಂದರು. ಇದನ್ನು ಓದಿ ಮೊಬೈಲನ್ನು ಮಂಚದ ಮೇಲೆ ಎಸೆದೆ. ಏಕೆಂದರೆ ಅದು ನಿಜ. ನಾನು ಕೇಳಲಿಲ್ಲ. ಹಿಂದಿರುಗಿಸುವ ಮಾತೆತ್ತಿದಾಗ, "ಕಾಗದ ನಿಮ್ಮ ಹೆಸರಿಗಾಗಿದೆ, ಮತ್ತೆ ಅದೆಲ್ಲ ಓಡಾಟ ನನ್ನಿಂದಾಗದು. ಕಡಿಮೆ ಬಜೆಟ್ಟಿನಲ್ಲಿ ಬಂದು ಹೊಸದರ ಗುಣ ಕೇಳಬಾರದು ಸರ್" ಎಂದರು. ಹಣ ಹೋದದ್ದಕ್ಕಿಂತ ಆ "ಸರ್" ಇನ್ನೂ ಉರಿಯುತ್ತದೆ.

ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ, ಆದರೂ ಇಷ್ಟು ಹೇಳುತ್ತೇನೆ. ಹಣ ಕೊಡುವ ಮೊದಲು ಆರೂ ಕೋಣೆಗಳನ್ನು ಒಂದೊಂದಾಗಿ ನೋಡಿ, ನಾಲ್ಕು ಸರಿಯಿದ್ದರೆ ಉಳಿದೆರಡೂ ಸರಿಯಿರುತ್ತವೆ ಎಂದುಕೊಳ್ಳಬೇಡಿ. ಸಂದನ್ನು ಅಳೆಯಿರಿ. ಹ್ಯಾಮರನ್ನು ಎಳೆದು ನಿಲ್ಲಿಸಿ, ಟ್ರಿಗರ್ ಮುಟ್ಟದೆ, ಹಿಂದಿನಿಂದ ಹೆಬ್ಬೆರಳಲ್ಲಿ ಒತ್ತಿ ನೋಡಿ. ಜಾರಿ ಬಿದ್ದರೆ ಎದ್ದು ಬನ್ನಿ. ಸಿಲಿಂಡರಿನ ಅಲುಗಾಟದ ವಿಷಯದಲ್ಲಿ ಮಾತ್ರ ಎಲ್ಲಕ್ಕೂ ಒಂದೇ ಅಳತೆ ಹಿಡಿಯಬೇಡಿ, ಹಳೆಯ ಕೋಲ್ಟ್‌ಗಳು ಟ್ರಿಗರ್ ಒತ್ತಿ ಹಿಡಿದಾಗ ಕಲ್ಲಿನಂತೆ ಬಿಗಿಯಾಗಿ ನಿಲ್ಲಬೇಕು, ಸ್ಮಿತ್ ಆಂಡ್ ವೆಸನ್‌ಗಳಲ್ಲಿ ತುಸು ಆಡುವುದು ಸಹಜ. ಸೀಸ ಅಂಟಿದ್ದರೆ ತೆಗೆಸಿ ನೋಡಿ. ಪರೀಕ್ಷೆ ಬೇಡ ಎಂದು ಕೈ ಹಿಡಿಯುವವರಿಂದ ಏನನ್ನೂ ಕೊಳ್ಳಬೇಡಿ, ಎಷ್ಟೇ ಆದರದಿಂದ ಹಿಡಿದಿರಲಿ. ನನ್ನ ಗೆಳೆಯರೊಬ್ಬರು ಜೊತೆಗೆ ಬರುತ್ತೇನೆ ಎಂದಿದ್ದರು, ನಾನು ಬೇಡವೆಂದೆ. ನೀವು ಕರೆದುಕೊಂಡು ಹೋಗಿ, ಸಂಕೋಚವಿಲ್ಲದವರನ್ನೇ ಕರೆದುಕೊಂಡು ಹೋಗಿ.

ಪೊಲೀಸರದಾಗಿದ್ದ ಆ ಸಾದಾ .38 ಮರುದಿನವೇ ಬೇರೆಯವರ ಪಾಲಾಯಿತಂತೆ. ನನ್ನದು ಖಾಲಿ ಸಿಲಿಂಡರಿನೊಂದಿಗೆ ಬೀರುವಿನಲ್ಲಿ ಬೀಗದೊಳಗಿದೆ. ಅವರ ಕೊನೆಯ ಸಂದೇಶ ಹೀಗಿತ್ತು: "ಅಷ್ಟು ಬೇಸರವಾದರೆ ನೀವೂ ಮಾರಿಬಿಡಿ ಸರ್, ನೋಡಲು ಚೆನ್ನಾಗಿದೆಯಲ್ಲ, ಕೊಳ್ಳುವವರು ಸಿಗುತ್ತಾರೆ." ಮಾರುತ್ತೇನೆ, ಬಿಡಿಭಾಗಗಳ ಬೆಲೆಗೆ. ಜಾಹೀರಾತನ್ನು ಬರೆದಿಟ್ಟಿದ್ದೇನೆ, ಮೊದಲ ಸಾಲಿನಲ್ಲೇ ಬಿರುಕಿನ ವಿಷಯವಿದೆ, ಮೊದಲ ಚಿತ್ರವೂ ಅದರದೇ.