ಡಾಟ್‌ನೆಟ್ ಪ್ರೊಫೈಲರ್ ಏಜೆಂಟ್: ಸುಮಾರು ವರ್ಷ ಇಟ್ಕೊಂಡು ನೋಡಿದ್ಮೇಲೆ

ದಾವಣಗೆರೆಲಿ ನಮ್ದೊಂದು ಸಣ್ಣ ಸಾಫ್ಟ್‌ವೇರ್ ಆಫೀಸು. ಎಪಿಎಂಸಿ ಯಾರ್ಡಿನ ದಲ್ಲಾಲಿ ಅಂಗಡಿಗಳಿಗೆ ಬಿಲ್ಲಿಂಗ್ ಮಾಡಿ ಕೊಡ್ತೀವಿ, ಎಲ್ಲಾ ಸಿ ಶಾರ್ಪ್ ಭಾಷೇಲಿ. ಅದನ್ನ ಓಡ್ಸೋದು ಮೈಕ್ರೋಸಾಫ್ಟಿನ ಡಾಟ್‌ನೆಟ್: ಹಳೇ ಗಿರಾಕಿಗಳದ್ದು ಅದರ ಹಳೇ ರೂಪ ಫ್ರೇಮ್‌ವರ್ಕ್ ಮೇಲೆ, ಐಐಎಸ್ ಅನ್ನೋ ವೆಬ್ ಸರ್ವರ್‌ನಲ್ಲಿ ಓಡ್ತೈತೆ, ಹೊಸಬರದ್ದು ಹೊಸ ರೂಪ ಕೋರ್ ಮೇಲೆ. ಇದಕ್ಕೆ ದುಡ್ಡು ಕೊಟ್ಟು ಒಂದು ಮಾನಿಟರಿಂಗ್ ಏಜೆಂಟ್ (ಪ್ರೋಗ್ರಾಂ ಎಲ್ಲಿ ನಿಧಾನ ಅಂತ ಅಳೆಯೋ ಪ್ರೊಫೈಲರ್) ತಗೊಂಡು ವರ್ಷಗಳೇ ಆದ್ವು. ಕಂಪನಿ ಹೆಸರು ಹಾಕಲ್ಲ. ಈ ಜಾತಿ ಏಜೆಂಟ್‌ಗಳು ಹೆಚ್ಚುಕಮ್ಮಿ ಎಲ್ಲಾ ಒಂದೇ ದಾರಿ ಹಿಡಿಯೋದು: ರನ್‌ಟೈಮ್ (ನಮ್ ಕೋಡ್ ಓಡ್ಸೋ ಡಾಟ್‌ನೆಟ್ಟಿನ ಎಂಜಿನ್ನು) ಕೊಡೋ ಪ್ರೊಫೈಲಿಂಗ್ ಎಪಿಐ ಅನ್ನೋ ಬಾಗಿಲ ಮೂಲಕ ಒಳಗೆ ಸೇರ್ಕೊಂಡು, ಮೆಥಡ್ (ಕೋಡಿನ ಒಂದು ತುಣುಕು) ಜಿಟ್ ಆಗೋಕ್ ಮುಂಚೆ, ಅಂದ್ರೆ ಓಡೋ ಹೊತ್ತಿಗೆ ಮಷಿನ್ ಕೋಡ್ ಆಗೋಕ್ ಮುಂಚೆ, ಅದರ ಐಎಲ್ (ಕಂಪೈಲರ್ ಕೊಟ್ಟ ಮಧ್ಯದ ಕೋಡ್) ತಿದ್ದಿ, ಶುರುವಲ್ಲೊಂದು ಕೊನೇಲೊಂದು ತಮ್ಮ ಕೋಡ್ ತುರುಕ್ತವೆ. ಡಿಸ್ಕ್ ಮೇಲಿನ ಡಿಎಲ್‌ಎಲ್ (ನಮ್ ಪ್ರೋಗ್ರಾಮಿನ ಫೈಲು) ಇದ್ದ ಹಂಗೇ ಇರ್ತೈತೆ, ಮೆಮೊರಿಯಲ್ಲಿ ಓಡೋದು ಮಾತ್ರ ಬೇರೆ.

ಒಳ್ಳೇದು ಮೊದ್ಲು ಹೇಳ್ಬಿಡ್ತೀನಿ. ಯಾವ ಪೇಜ್ ಯಾವ ಡೇಟಾಬೇಸ್ ಕ್ವೆರಿಗೆ ಕಾಯ್ತಾ ಕೂತೈತೆ ಅನ್ನೋದು ಕಣ್ಣಿಗೆ ಕಟ್ಟಿದಂಗೆ ಕಾಣ್ತೈತೆ, ಆ ಕೆಲ್ಸಕ್ಕೆ ಪೂರ್ತಿ ಮಾರ್ಕು ಕೊಡ್ತೀನಿ.

ಇನ್‌ಸ್ಟಾಲ್ ಮಾತ್ರ ತಲೆನೋವು. ಎರರ್ ಬರಲ್ಲ, ಸುಮ್ನೆ ಡ್ಯಾಶ್‌ಬೋರ್ಡ್ ಖಾಲಿ ಇರ್ತೈತೆ. ಅಂಥ ಟೈಮಲ್ಲಿ ಏಜೆಂಟ್‌ನ ಲಾಗ್ ಕೆದಕೋಕ್ ಹೋಗ್ಬೇಡ್ರಿ, ಏಜೆಂಟೇ ಲೋಡ್ ಆಗದಿದ್ರೆ ಅದು ಲಾಗ್ ಎಲ್ಲಿಂದ ಬರೀತೈತೆ? ಸೀದಾ ವಿಂಡೋಸಿನ ಈವೆಂಟ್ ವ್ಯೂವರ್ ತೆಗೀರಿ, ಅಪ್ಲಿಕೇಶನ್ ಲಾಗ್‌ನಲ್ಲಿ ಡಾಟ್‌ನೆಟ್ ರನ್‌ಟೈಮ್ ಹೆಸರಲ್ಲಿ ಪ್ರೊಫೈಲರ್ ಲೋಡ್ ಆಯ್ತೋ ಇಲ್ವೋ ಅಂತ ರನ್‌ಟೈಮೇ ಬರ್ದಿರ್ತೈತೆ. ಅಲ್ಲಿ ಏನೂ ಇಲ್ಲ ಅಂದ್ರೆ ಪ್ರೊಫೈಲರ್ ಲೋಡ್ ಮಾಡು ಅಂತ ಹೇಳೋ ಎನ್ವಿರಾನ್‌ಮೆಂಟ್ ವೇರಿಯಬಲ್ (ವಿಂಡೋಸಿನ ಸೆಟ್ಟಿಂಗ್) ಪ್ರೋಸೆಸ್‌ಗೆ ಮುಟ್ಟಿಲ್ಲ ಅಂತ್ಲೇ ಅರ್ಥ. ಫ್ರೇಮ್‌ವರ್ಕ್‌ಗೆ ಆ ಹೆಸರುಗಳು ಸಿ ಓ ಆರ್ ಅಂತ ಶುರುವಾಗ್ತವೆ, ಕೋರ್‌ಗೆ ಕೋರ್‌ಸಿಎಲ್‌ಆರ್ ಅಂತ, ಒಂದಕ್ಕೆ ಹಾಕಿದ್ದು ಇನ್ನೊಂದಕ್ಕೆ ನಡೆಯಲ್ಲ. ಲೋಡ್ ಫೇಲ್ ಆಯ್ತು ಅಂತ ಬರ್ದಿದ್ರೆ ಅಪ್ಲಿಕೇಶನ್ ಪೂಲ್ (ಐಐಎಸ್‌ನಲ್ಲಿ ನಮ್ ಸೈಟ್ ಓಡೋ ಪ್ರೋಸೆಸ್) 32 ಬಿಟ್ಟಾ 64 ಬಿಟ್ಟಾ ನೋಡ್ರಿ, ಏಜೆಂಟ್ ಅದಕ್ಕೆ ಹೊಂದ್ಬೇಕು. ನಮ್ ಒಬ್ಬ ಗಿರಾಕಿ ಸರ್ವರ್‌ನಲ್ಲಿ ಹಳೇ ತೂಕದ ಮಷಿನ್ನಿನ ಡಿಎಲ್‌ಎಲ್‌ಗೋಸ್ಕರ ಪೂಲನ್ನ 32 ಬಿಟ್ಟಿಗೆ ಇಟ್ಟಿದ್ರು, ಏಜೆಂಟಿನ ಇನ್‌ಸ್ಟಾಲರ್ 64ರದ್ದೊಂದೇ ಹಾಕಿ ಗ್ರೀನ್ ಟಿಕ್ ತೋರ್ಸಿ ಕೈ ತೊಳ್ಕೊಂಡಿತ್ತು. ಇನ್ನೊಂದು, ಒಂದು ಪ್ರೋಸೆಸ್ಸಲ್ಲಿ ಐಎಲ್ ತಿದ್ದೋ ಪ್ರೊಫೈಲರ್ ಒಂದೇ ಇರೋಕೆ ಸಾಧ್ಯ, ಎರಡು ಕಂಪನಿದು ಟ್ರಯಲ್ ಒಟ್ಟಿಗೆ ಹಾಕಿ ಕಂಪೇರ್ ಮಾಡ್ತೀನಿ ಅಂದ್ರೆ ಆಗಲ್ಲ.

ಈಗ ಅಸಲಿ ವಿಷ್ಯಕ್ ಬರ್ತೀನಿ. ಮೆಕ್ಕೆಜೋಳದ ಸೀಸನ್ನು, ಯಾರ್ಡ್ ತುಂಬ ಗಾಡಿ, ರೈತರಿಗೆ ಕೊಡೋ ಪಟ್ಟಿ ಪ್ರಿಂಟ್ ಆಗೋಕೆ ಸಿಕ್ಕಾಪಟ್ಟೆ ಟೈಮ್ ತಗೋತಿತ್ತು, "ಏನ್ರೀ ನಿಮ್ ಸಾಫ್ಟ್‌ವೇರು, ಹಮಾಲರು ಚೀಲ ಇಳಿಸಿ ಚಾ ಕುಡ್ದು ಬಂದ್ರೂ ಪಟ್ಟಿ ಬಂದಿಲ್ಲ" ಅಂತ ಸಾಹುಕಾರ್ರು ಫೋನಲ್ಲಿ ಬೈತಿದ್ರು. ಕಂಪನಿ ಸಪೋರ್ಟಿನವರು ಡೀಪ್ ಮೋಡ್ ಆನ್ ಮಾಡಿ ಅಂದ್ರು, ಅಂದ್ರೆ ಸಿಕ್ಕಿದ ಮೆಥಡ್‌ಗೆಲ್ಲ ಕೋಡ್ ತುರುಕೋದು. ರಿಪೋರ್ಟ್ ಬಂತು, ತೂಕ ರೌಂಡ್ ಮಾಡೋ ಮೆಥಡ್ಡೇ ಕಳ್ಳ ಅಂತ ಕೆಂಪಕ್ಷರದಲ್ಲಿ. ಅದು ಎರಡು ಸಾಲಿನ ಮೆಥಡ್ ಕಣ್ರಿ! ಚೀಲಕ್ಕೊಂದ್ಸಲ, ಸೂಟು ಅಂತ ತೂಕ ಕಳೆಯೋಕ್ ಇನ್ನೊಂದ್ಸಲ ಹಿಂಗೆ ಲೆಕ್ಕವಿಲ್ಲದಷ್ಟು ಸಲ ಕರೀತೀವಿ ನಿಜ, ಆದ್ರೆ ಅಷ್ಟು ಚಿಕ್ಕದನ್ನ ಜಿಟ್ ಕರೆದ ಜಾಗದಲ್ಲೇ ಇನ್‌ಲೈನ್ ಮಾಡ್ಬಿಡ್ತೈತೆ, ಅಂದ್ರೆ ಅದರ ಕೋಡನ್ನೇ ಅಲ್ಲಿ ಅಂಟಿಸ್ತೈತೆ, ಕರೆಯೋ ಖರ್ಚೇ ಇರಲ್ಲ. ಏಜೆಂಟ್ ಅದಕ್ಕೆ ಟ್ರೈ ಕ್ಯಾಚ್ (ಎರರ್ ಹಿಡಿಯೋ ಬ್ಲಾಕು) ಸುತ್ತಿ ಟೈಮರ್ ಇಟ್ಟ ಮೇಲೆ ಇನ್‌ಲೈನ್ ಹೋಯ್ತು, ಮೇಲಿಂದ ಟೈಮರಿನ ಖರ್ಚು ಬೇರೆ, ಅದನ್ನೆಲ್ಲ ನಮ್ ಮೆಥಡ್ ತಲೆಗೆ ಕಟ್ಟಿತು. ಅಳೆಯೋನೇ ತಕ್ಕಡಿ ಮೇಲೆ ಕಾಲಿಟ್ಟಂಗೆ.

ಏಜೆಂಟ್ ಆಫ್ ಮಾಡಿ ಪರ್ಫ್‌ವ್ಯೂ ಹಾಕಿದ್ವಿ. ಮೈಕ್ರೋಸಾಫ್ಟಿನದು, ಫ್ರೀ. ನೋಡೋಕೆ ಓಬೀರಾಯನ ಕಾಲದ್ದು, ಆದ್ರೆ ಕೋಡ್ ತಿದ್ದಲ್ಲ, ಮಿಲಿಸೆಕೆಂಡಿಗೊಂದ್ಸಲ ಸಿಪಿಯು ಎಲ್ಲೈತೆ ಅಂತ ಇಣುಕಿ ಬರ್ಕೊಳ್ತೈತೆ ಅಷ್ಟೆ, ಇದಕ್ಕೇ ಸ್ಯಾಂಪ್ಲಿಂಗ್ ಅನ್ನೋದು. ಅದ್ರಲ್ಲಿ ಎಕ್ಸೆಪ್ಷನ್ ಸ್ಟ್ಯಾಕ್ (ಎರರ್ ಎಲ್ಲೆಲ್ಲಿಂದ ಬಂತು ಅನ್ನೋ ಲೆಕ್ಕ) ತೆಗೆದ್ರೆ ರಾಶಿ ರಾಶಿ ಫಾರ್ಮ್ಯಾಟ್ ಎಕ್ಸೆಪ್ಷನ್ನು. ತೂಕದ ಮಷಿನ್ನಿಂದ ಖಾಲಿ ಸ್ಟ್ರಿಂಗ್ ಬಂದಾಗೆಲ್ಲ ಅದನ್ನ ಸಂಖ್ಯೆ ಮಾಡೋ ಡೆಸಿಮಲ್ ಪಾರ್ಸ್ ಎಕ್ಸೆಪ್ಷನ್ ಎಸೀತಿತ್ತು, ಮೇಲೊಂದು ಕ್ಯಾಚ್ ಅದನ್ನ ನುಂಗಿ ಸೊನ್ನೆ ಇಡ್ತಿತ್ತು. ಎಸೆದು ಹಿಡಿಯೋದು ಡಾಟ್‌ನೆಟ್ಟಲ್ಲಿ ದುಬಾರಿ. ಎಕ್ಸೆಪ್ಷನ್ ಎಸೀದೆ ಆಗಲ್ಲ ಅಂತಷ್ಟೇ ಹೇಳೋ ಟ್ರೈಪಾರ್ಸ್ ಹಾಕಿದ್ವಿ, ಪಟ್ಟಿ ಪಟಪಟ ಬರೋಕೆ ಶುರು. ರೌಂಡ್ ಮಾಡೋ ಮೆಥಡ್ ಮುಟ್ಲೇ ಇಲ್ಲ.

ಹಂಗಂತ ಮೆಥಡ್ ತಿದ್ದೋ ದಾರಿನೇ ಕೆಟ್ಟದ್ದಲ್ಲ. ಎಲ್ಲಿ ನೋವೈತೆ ಅಂತ ಸ್ಯಾಂಪ್ಲಿಂಗಲ್ಲಿ ಹುಡುಕಿ, ಆಮೇಲೆ ಬೇಕಾದ ನಾಕಾರು ಮೆಥಡ್‌ಗೆ ಮಾತ್ರ ಏಜೆಂಟ್ ಬಿಡ್ಬೇಕು. ಓಡ್ತಿರೋ ಪ್ರೋಸೆಸ್ಸಲ್ಲೇ ಮೆಥಡ್ ತಿದ್ದಿ ಮತ್ತೆ ಕಂಪೈಲ್ ಮಾಡ್ಸೋ ರೀಜಿಟ್ ಅನ್ನೋದು ಫ್ರೇಮ್‌ವರ್ಕ್ 4.5ರಿಂದ್ಲೇ ಐತೆ, ವಾಪಸ್ ಮೊದಲಿನ ಹಂಗೆ ಮಾಡೋಕೂ ಎಪಿಐ ಕಾಲ್ ಐತೆ, ಸರ್ವರ್ ರೀಸ್ಟಾರ್ಟ್ ಬೇಕಿಲ್ಲ. ನಮ್ ಏಜೆಂಟ್ ಈ ಸೌಲಭ್ಯ ಕೊಡೋದ್ರಲ್ಲಿ ಜಿಪುಣತನ ಮಾಡ್ತೈತೆ, ಕಾನ್ಫಿಗ್ ಬದಲಾದ್ರೆ ಪೂಲ್ ರೀಸೈಕಲ್ (ಮತ್ತೆ ಶುರು) ಮಾಡಿ ಅಂತೈತೆ. ರೀಜಿಟ್ಟಲ್ಲೂ ಒಂದು ಗುಟ್ಟೈತೆ, ತಿದ್ದಿದ ಕೋಡ್ ಮುಂದಿನ ಸಲ ಮೆಥಡ್ ಕರೆದಾಗ ಮಾತ್ರ ಬರ್ತೈತೆ. ಸರ್ವೀಸ್ ಶುರುವಾದಾಗ ಒಳಗೆ ಹೋಗಿ ವೈಲ್ ಲೂಪಲ್ಲಿ ಸುತ್ತುತಾನೇ ಇರೋ ಮೆಥಡ್ ಇದ್ರೆ ಅದು ಹಳೇ ಕೋಡಲ್ಲೇ ಸುತ್ತುತಿರ್ತೈತೆ, ಡ್ಯಾಶ್‌ಬೋರ್ಡಲ್ಲಿ ಕಾಣಲ್ಲ. ಲೂಪ್ ಒಳಗಿನ ಕೆಲ್ಸನ ಬೇರೆ ಮೆಥಡ್ ಮಾಡಿದ್ರೆ ಕಾಣ್ತೈತೆ.

ಒಂದ್ಸಲ ಏಜೆಂಟ್ ಅಪ್‌ಡೇಟ್ ಆದ ಮಾರನೇ ದಿನ ಜಿಎಸ್‌ಟಿ ಪೇಜ್ ತೆಗೆದ್ರೆ ಇನ್‌ವ್ಯಾಲಿಡ್ ಪ್ರೋಗ್ರಾಂ ಎಕ್ಸೆಪ್ಷನ್, ಅಂದ್ರೆ ಐಎಲ್ಲೇ ಕೆಟ್ಟೈತೆ ಅಂತ ರನ್‌ಟೈಮ್ ಹೇಳೋದು. ನಾವ್ ಒಂದಕ್ಷರ ಬದಲಾಯಿಸಿರ್ಲಿಲ್ಲ. ಸಿ ಶಾರ್ಪ್ ಕಂಪೈಲರಿಂದ ಬಂದ ಕೋಡಲ್ಲಿ ಈ ಎರರ್ ಬರೋದೇ ಅಪರೂಪ, ಬಂತು ಅಂದ್ರೆ ಯಾರೋ ಐಎಲ್ ತಿದ್ದಿ ಕೆಡಿಸವ್ರೆ ಅಂತ್ಲೇ ಅನುಮಾನ ಪಡ್ರಿ. ಮೆಥಡ್ಡಿನ ಶುರುವಲ್ಲಿ ಕೋಡ್ ಸೇರಿಸಿದ್ರೆ ಟ್ರೈ ಫೈನಲಿ ಇರೋ ಮೆಥಡ್ಡಲ್ಲಿ ಆ ಬ್ಲಾಕಿನ ಆಫ್‌ಸೆಟ್ (ಎಲ್ಲಿಂದ ಎಲ್ಲಿವರೆಗೆ ಅನ್ನೋ ಸ್ಥಾನ) ಎಲ್ಲಾ ಸರಿಸ್ಬೇಕು, ಮ್ಯಾಕ್ಸ್ ಸ್ಟ್ಯಾಕ್ (ಮೆಥಡ್ಡಿನ ಸ್ಟ್ಯಾಕ್ ಜಾಗದ ಮಿತಿ) ಸಾಲದಿದ್ರೆ ಏರಿಸ್ಬೇಕು, ಶಾರ್ಟ್ ಬ್ರಾಂಚ್ (ಕೋಡಲ್ಲಿ ಹತ್ತಿರಕ್ಕೆ ಹಾರೋದು) ದೂರ ಆದ್ರೆ ಲಾಂಗ್ ಮಾಡ್ಬೇಕು, ಒಂದು ತಪ್ಪಿದ್ರೂ ಜಿಟ್ ಒಪ್ಪಲ್ಲ. ಆ ಮೆಥಡ್ಡನ್ನ ಏಜೆಂಟ್ ಮುಟ್ಟಬಾರದ ಎಕ್ಸ್‌ಕ್ಲೂಡ್ ಲಿಸ್ಟಿಗೆ ಹಾಕಿದ್ವಿ, ಪೇಜ್ ಬಂತು. ಸಪೋರ್ಟಿನವರು ಮಾತ್ರ ವಾರಗಟ್ಟಲೆ ನಿಮ್ ಕೋಡೇ ನೋಡ್ಕೊಳ್ಳಿ ಅಂತಿದ್ರು, ಆಮೇಲೆ ಸದ್ದಿಲ್ದೆ ಪ್ಯಾಚ್ ಬಿಟ್ರು.

ಐದಕ್ಕೆ ಮೂರು ಸ್ಟಾರು, ಎಕ್ಸ್‌ಕ್ಲೂಡ್ ಲಿಸ್ಟ್ ಇಲ್ದಿದ್ರೆ ಅದೂ ಇಲ್ಲ. ಈ ಸಲ ರಿನ್ಯೂವಲ್‌ಗೆ ಡೇಟಾಬೇಸ್ ಜಾಸ್ತಿ ಇರೋ ಸರ್ವರ್ ಒಂದಕ್ಕೇ ದುಡ್ಡು ಕಟ್ತೀನಿ, ಡೀಪ್ ಮೋಡ್ ಆಫ್ ಮಾಡಿ. ಮಿಕ್ಕಿದ್ದಕ್ಕೆ ಫ್ರೇಮ್‌ವರ್ಕ್ ಇರೋ ಕಡೆ ಪರ್ಫ್‌ವ್ಯೂ, ಕೋರ್ ಇರೋ ಕಡೆ ಡಾಟ್‌ನೆಟ್ ಟ್ರೇಸ್ ಅನ್ನೋ ಅಂಥದ್ದೇ ಫ್ರೀ ಟೂಲು.